ಬಿಸಿಯ ಬೆನ್ನು ಹತ್ತಿದ ಮಾವ

ನನ್ನ ಮಗಳು ಹುಟ್ಟಿದ ಹೊಸದರಲ್ಲಿ ಅವಳನ್ನು ರೇಷ್ಮೆಹುಳು ಎಂದುಕೊಂಡ ಮಹಾನುಭಾವರೊಬ್ಬರು ನಮ್ಮ ಮನೆಯಲ್ಲಿದ್ದಾರೆ. ಅವರೇ ನನ್ನ ಸೋದರಮಾವ! ಎಂಟನೇ ತಿಂಗಳಿಗೇ ಹುಟ್ಟಿದ ಮಗು, ತೂಕ ಒಂದೂ ಮುಕ್ಕಾಲು ಕೆಜಿ. ಮೈ ತಣ್ಣಗಾಗಲು ಬಿಟ್ಟರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಅಂಥ ಕೂಸನ್ನು ಈ ಮನುಷ್ಯನ ಕೈಗೆ ಕೊಡಬಹುದೇ? ಮೊದಲು ಇವರ ಚರಿತ್ರೆ ಕೇಳಿ, ಆಮೇಲೆ ನೀವೇ ತೀರ್ಪು ಕೊಡಿ.

ನನ್ನ ತವರು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ಮದುವೆಯಾಗದ ಮಾವ ಅಕ್ಕನ ಮನೆಯಲ್ಲಿ, ಅಂದರೆ ನಮ್ಮಮ್ಮನ ಜೊತೆಗೇ ಇದ್ದುಕೊಂಡು ರೇಷ್ಮೆಹುಳು ಸಾಕುತ್ತಾರೆ. ಹುಳುಗಳಿಗೆ ಸೆಕೆಯೂ ಆಗಬಾರದು, ಚಳಿಯೂ ಆಗಬಾರದು. ಅದಕ್ಕೇ ಹುಳು ಸಾಕುವ ಮನೆಯ ಸೂರಿಗೆ ತೆಂಗಿನ ಗರಿ, ಕಿಟಕಿಗೆ ನೆನೆಸಿದ ಗೋಣಿತಾಟು, ಚಳಿಗಾಲಕ್ಕೆ ಇದ್ದಿಲ ಒಲೆ, ಗೋಡೆಗೆ ಥರ್ಮಾಮೀಟರ್. ಮತ್ತೆ ಮನುಷ್ಯರಿಗೆ? ಪಕ್ಕದ ಶೀಟಿನ ಮನೆಯಲ್ಲಿ ನಾವು ಏಪ್ರಿಲ್ ಪೂರ್ತಿ ಸಂಡಿಗೆಯ ಹಾಗೆ ಒಣಗುತ್ತಿದ್ದೆವು.

"ನಮ್ಮ ಕಿಟಕಿಗೂ ಒಂದು ಗೋಣಿತಾಟು ಕಟ್ಟೋ" ಎಂದು ಅಮ್ಮ ಗೋಗರೆದರೆ, ಮಾವ ತಣ್ಣಗೆ ಕೇಳಿದ್ದರು: "ಯಾಕಕ್ಕಾ, ನೀನೇನು ಗೂಡು ಕಟ್ತೀಯಾ?"

ಹುಳುಗಳ ಸೇವೆ ಮಾಡೀ ಮಾಡೀ ಮಾವನಿಗೆ ಬಿಸಿಯ ಹುಚ್ಚು ಹಿಡಿಯಿತು. ಬಿಸಿ ಎಲ್ಲಿಂದ ಬಂತು, ಯಾವ ಸಂದಿಯಲ್ಲಿ ನುಸುಳಿ ಎಲ್ಲಿಗೆ ಹೋಯಿತು ಎಂದು ಪತ್ತೇದಾರಿ ಮಾಡುವುದೇ ಕೆಲಸ. "ನೆಂಟರು ಉಳ್ಳೋರ ಮನೆ ಹುಡುಕ್ಕೊಂಡು ಹೋಗ್ತಾರೆ. ಬಿಸಿ ಹಾಗಲ್ಲ ಕಣಮ್ಮ, ಇಲ್ಲದೋರ ಮನೆ ಹುಡುಕ್ಕೊಂಡು ಹೋಗುತ್ತೆ. ಮುಟ್ಟಿದ್ರೆ ಮೈಯಿಂದ ಮೈಗೆ ಹೋಗುತ್ತೆ, ಗಾಳಿ ಸಿಕ್ರೆ ಗಾಳಿ ಹತ್ಕೊಂಡು ಹೋಗುತ್ತೆ, ಏನೂ ಸಿಗದಿದ್ರೆ ಬಿಸಿಲು ಬರೋ ಹಾಗೆ ದೂರದಿಂದ್ಲೇ ಬರುತ್ತೆ!" ಇದು ಅವರ ಉಪನ್ಯಾಸದ ಪೀಠಿಕೆ. ಉಪನ್ಯಾಸವನ್ನು ನಾನಿಲ್ಲಿ ಕೊಡುವುದಿಲ್ಲ, ನಿಮ್ಮ ಮೇಲೆ ನನಗೇನೂ ದ್ವೇಷವಿಲ್ಲ.

ಮದುವೆ ಯಾಕಾಗಲಿಲ್ಲ ಎಂದಿರಾ? ಚಿಂತಾಮಣಿಗೆ ಹೆಣ್ಣು ನೋಡಲು ಹೋಗಿದ್ದರು. ಕೂರಲು ಕಬ್ಬಿಣದ ಕುರ್ಚಿ ಹಾಕಿದರು, ಪಕ್ಕದಲ್ಲಿ ಮರದ ಸ್ಟೂಲು. ಮಾವ ಹುಡುಗಿಯ ತಂದೆಯನ್ನು ಕರೆದು, "ಎರಡೂ ಮುಟ್ಟಿ ನೋಡಿ ಸ್ವಾಮಿ. ಯಾವುದು ತಣ್ಣಗಿದೆ?" ಎಂದರು.

"ಕುರ್ಚಿ" ಎಂದರು ಪಾಪ, ಆ ಹಿರಿಯರು.

"ತಪ್ಪು! ಎರಡೂ ಅಷ್ಟೇ. ಕಬ್ಬಿಣ ನಿಮ್ಮ ಕೈಬಿಸಿನ ಬೇಗ ಎಳ್ಕೊಳ್ಳುತ್ತೆ, ಮರ ನಿಧಾನಕ್ಕೆ ಎಳ್ಕೊಳ್ಳುತ್ತೆ, ಅಷ್ಟೇ!"

ಬಜ್ಜಿ ಮುಗಿಯುವ ಹೊತ್ತಿಗೆ ಮಾವ ಆ ಮನೆಯ ಕಿಟಕಿ, ಬಾಗಿಲು, ಹಿತ್ತಾಳೆ ಕೊಳಗ ಎಲ್ಲದರ ಯೋಗಕ್ಷೇಮ ವಿಚಾರಿಸಿ ಮುಗಿಸಿದ್ದರು. ಹುಡುಗಿಯೊಬ್ಬಳೇ ಬಾಕಿ ಉಳಿದಳು. ವಾರದಲ್ಲಿ ಉತ್ತರ ಬಂತು: "ಹುಡುಗ ಒಳ್ಳೆಯವನೇ. ಆ ಕುರ್ಚಿ ಬೇಕಾದ್ರೆ ಕಳಿಸಿಕೊಡ್ತೀವಿ."

ನನ್ನ ಗಂಡನೂ ತಪ್ಪಿಸಿಕೊಳ್ಳಲಿಲ್ಲ. ಹೊಸ ಅಳಿಯ, ಡಿಸೆಂಬರ್ ತಿಂಗಳು, ಇನ್ನೊಂದು ರಗ್ಗು ಕೇಳಿದರು. ಮಾವ ಒಂದು ಹೊರೆ ಹಳೇ ದಿನಪತ್ರಿಕೆ ತಂದುಕೊಟ್ಟರು! ಹಾಳೆಗಳ ಮಧ್ಯೆ ಅಲುಗಾಡದೆ ನಿಂತ ಗಾಳಿಯನ್ನು ದಾಟುವುದು ಬಿಸಿಗೆ ಬಹಳ ಕಷ್ಟವಂತೆ. ಬೆಳಿಗ್ಗೆ ಅಮ್ಮ ಸಂಕೋಚದಿಂದ, "ನಿದ್ದೆ ಬಂತಾಪ್ಪ?" ಎಂದು ಕೇಳಿದರೆ ನಮ್ಮವರು ಗಂಭೀರವಾಗಿ, "ಬಂತು ಅತ್ತೆ. ಕ್ರೀಡಾಪುಟದ ಕಡೆ ಸ್ವಲ್ಪ ಚಳಿ ಇತ್ತು" ಎಂದರು.

ಈಗ ಹೇಳಿ, ಮಗುವನ್ನು ಕೊಡಬಹುದೇ?

ಆದರೆ ಬೇರೆ ದಾರಿ ಇರಲಿಲ್ಲ. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಆಪರೇಷನ್ ಆದ ಮೇಲೆ ನನ್ನ ಬಿಪಿ ಏರಿ, ನನ್ನನ್ನು ಬೇರೆ ವಾರ್ಡಿನಲ್ಲಿ ಮಲಗಿಸಿದ್ದರು. ಅಮ್ಮ ನನ್ನ ಪಕ್ಕ ಬಿಟ್ಟು ಹೆಚ್ಚು ಹೊತ್ತು ಅಲ್ಲಾಡುವಂತಿರಲಿಲ್ಲ. ನಮ್ಮವರಿಗೆ ಶೀತವಾಗಿ ಒಂದೇ ಸಮನೆ ಸೀನು. ಎರಡು ದಿನ ಮಗುವನ್ನು ಕಾವಿನ ಪೆಟ್ಟಿಗೆಯಲ್ಲಿಟ್ಟು, ಮೂರನೇ ದಿನ ಡಾಕ್ಟರು, "ಇನ್ನು ಮನೆಯವರು ಯಾರಾದರೂ ಬರಿಮೈಯಲ್ಲಿ ಎದೆಗೆ ಅವಚಿಕೊಂಡು ಕೂರಬೇಕು" ಎಂದರು. ಅಮ್ಮ ಊರಿಗೆ ಫೋನು ಮಾಡಿದರು.

ಮಾವ ಬಸ್ಸಿಳಿದು ಬಂದೇಬಿಟ್ಟರು. ಕಂಕುಳಲ್ಲಿ ಹುಳು ಸಾಕುವ ಬಿದಿರಿನ ತಟ್ಟೆ, ಕೈಯಲ್ಲಿ ಪೇಪರ್ ಕಟ್ಟು, ಜೇಬಿನಲ್ಲಿ ಥರ್ಮಾಮೀಟರ್! ಮುಂದಿನದನ್ನು ಅಮ್ಮನ ಬಾಯಲ್ಲೇ ಕೇಳಬೇಕು. ಗೌರಿಬಿದನೂರು ಕಡೆಯ ನರ್ಸಮ್ಮ ಸೊಂಟದ ಮೇಲೆ ಕೈಯಿಟ್ಟು, "ಇದೇನು ಯಜಮಾನ್ರೇ, ಹುಳ ಮೇಯ್ಸಕ್ಕೆ ಬಂದ್ರಾ?" ಎಂದರಂತೆ.

"ಕೆಳಗೆ ಪೇಪರ್, ಮೇಲೆ ಪೇಪರ್, ಮಧ್ಯ ಮಗು. ಬಿಸಿ ಎಲ್ಲೂ ಹೋಗಲ್ಲ ಸಿಸ್ಟರ್, ಗ್ಯಾರಂಟಿ!"

"ಮುಚ್ಚಿಟ್ರೆ ಇರೋ ಬಿಸಿ ಉಳಿಯುತ್ತೆ. ಈ ಕೂಸಿನ ಹತ್ರ ಬಿಸಿನೇ ಸಾಲದಲ್ಲಪ್ಪ, ಎಲ್ಲಿಂದ ತರ್ತೀರಾ?"

ಮಾವ ತಟ್ಟೆಯನ್ನೂ ಪೇಪರ್ ಕಟ್ಟನ್ನೂ ಮೆಲ್ಲಗೆ ಕೆಳಗಿಟ್ಟರಂತೆ.

"ಶರಟು ಬಿಚ್ಚಿ" ಎಂದರು ನರ್ಸಮ್ಮ.

ಮಾವನ ಮುಖ ಬಿಳಿಚಿಕೊಂಡಿತಂತೆ. "ನನ್ನ ಕೈಲಾಗಲ್ಲಮ್ಮ. ನಾನು ಮಕ್ಕಳನ್ನ ಎತ್ಕೊಂಡೋನೇ ಅಲ್ಲ." ಹಾಗೆಂದವರು ಮೂರು ಸಲ ಸೋಪು ಹಾಕಿ ಮೊಣಕೈವರೆಗೆ ತೊಳೆದು, ಶರಟು ಬಿಚ್ಚಿ, ಉಸಿರು ಬಿಗಿಹಿಡಿದು ಕೂತರು. ನರ್ಸಮ್ಮ ಮಗುವನ್ನು ಎದೆಗೆ ಒರಗಿಸಿ ಬಟ್ಟೆಯಿಂದ ಕಟ್ಟಿದರು. ಊಟಕ್ಕೆ, ಸ್ನಾನಕ್ಕೆ ಬಿಟ್ಟರೆ ಮಾವ ಏಳಲಿಲ್ಲ. ಕೆಮ್ಮು ಬಂದರೆ ಮಗುವಿಗೆ ಅಲುಗಾಟವಾದೀತೆಂದು ಕಣ್ಣಲ್ಲಿ ನೀರು ಬರುವಷ್ಟು ತಡೆದುಕೊಂಡರು. ಬಿಸಿಯ ಉಪನ್ಯಾಸವನ್ನಂತೂ ಮರೆತೇಬಿಟ್ಟರು!

ಅಮ್ಮನಿಗೆ ಇನ್ನೊಂದು ಚಿಂತೆ. ಊರಿನಲ್ಲಿ ಹುಳುಗಳು ಗೂಡು ಕಟ್ಟುವ ಮುಂಚಿನ ಕೊನೆಯ ವಾರದಲ್ಲಿದ್ದವು. ಆ ವಾರ ಮಾವ ಸ್ವಂತ ಅಣ್ಣನ ಗೃಹಪ್ರವೇಶಕ್ಕೂ ಹೋದವರಲ್ಲ. "ಹುಳ ಕಣೋ! ಯಾರು ನೋಡ್ಕೋತಾರೆ?" ಎಂದು ಅಮ್ಮ ಕೇಳಿದರು.

"ಪಕ್ಕದ ಮನೆಯೋರಿಗೆ ಸೊಪ್ಪು ಹಾಕಕ್ಕೆ ಹೇಳಿದೀನಿ."

"ಅವ್ರಿಗೆ ನೆಟ್ಟಗೆ ಬಾಗಿಲು ಹಾಕಕ್ಕೂ ಬರಲ್ಲ ಅಂತಿದ್ದೆ?"

"ಹೋದ್ರೆ ಹೋಗ್ಲಿ ಬಿಡಕ್ಕಾ. ಇವಳ ಪಾದ ಇನ್ನೂ ತಣ್ಣಗಿದೆ."

ಆ ಸಲ ಅರ್ಧಕ್ಕರ್ಧ ಹುಳು ಹೋದವು. 

ಆರನೇ ದಿನ ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಮಗುವಿನ ಹತ್ತಿರ ಕರೆದೊಯ್ದರು. ಮಗಳನ್ನು ನಾನು ನೆಟ್ಟಗೆ ನೋಡಿಯೂ ಇರಲಿಲ್ಲ. ಮಾವನ ಎದೆಯ ನರೆಗೂದಲ ನಡುವೆ ಒಂದು ಮುಷ್ಟಿಯಷ್ಟು ತಲೆ ಕಂಡಿತು. ಆತುರಕ್ಕೆ ಎರಡೂ ಕೈ ಚಾಚಿದೆ.

"ತಾಳಮ್ಮ" ಎಂದು ಮಾವ ನನ್ನ ಬೆರಳು ಮುಟ್ಟಿ ನೋಡಿದರು. ಡ್ರಿಪ್ ಹಾಕೀ ಹಾಕೀ ಕೈ ತಣ್ಣಗೆ ಕೊರೆಯುತ್ತಿತ್ತು. ಅವರು ನನ್ನೆರಡು ಕೈಗಳನ್ನೂ ತಮ್ಮ ಅಂಗೈಗಳ ನಡುವೆ ಇಟ್ಟುಕೊಂಡು ಮೆಲ್ಲಗೆ ಉಜ್ಜತೊಡಗಿದರು.

"ಮಗು ಕೊಡು ಮಾವ" ಎಂದೆ.

"ಕೊಡ್ತೀನಿ ಕಣಮ್ಮ, ನಿನ್ ಮಗಳನ್ನ ನಾನೇನು ಇಟ್ಕೊಳ್ತೀನಾ? ಮೊದ್ಲು ನೀನು ಬೆಚ್ಚಗಾಗು."

ಕೂಸು ಉಳಿಯುತ್ತದೋ ಇಲ್ಲವೋ ಎಂದು ಆರು ದಿನ ಹಲ್ಲು ಕಚ್ಚಿಕೊಂಡು ಮಲಗಿದ್ದವಳು ಅಲ್ಲಿ ಜೋರಾಗಿ ಅತ್ತುಬಿಟ್ಟೆ. ಮಾವ ನನ್ನ ಕೈ ಬಿಡಲಿಲ್ಲ. ನನ್ನ ಬೆರಳುಗಳಿಗೆ ಜೀವ ಬಂದ ಮೇಲೆ ಕಟ್ಟು ಬಿಚ್ಚಿಸಿ, ಮಗಳನ್ನು ನನ್ನ ಎದೆಗೆ ಒರಗಿಸಿದರು. ಅವಳ ಪುಟ್ಟ ಪಾದಗಳು ನನ್ನ ಮೈಗೆ ತಗುಲಿದವು. ಬೆಚ್ಚಗಿದ್ದವು.