ಎಡಕ್ಕೆ ತಿರುಗದ ಐದನೇ ನಂಬರಿನವರಿಗೆ

ಹೊರಮಾವು
ಏಪ್ರಿಲ್ ೨೪, ೧೯೯೭

ಇವರಿಗೆ,
ಮಹಾರಾಜಶ್ರೀ ಐದನೇ ನಂಬರಿನ ವಿಡಿಯೋ ಗೇಮ್ ಯಂತ್ರದವರು,
ಅಹ್ಮದ್ ಪಾಷಾ ಅವರ ಅಂಗಡಿ, ಒಳಗಿನ ಮೂಲೆ,
ಶಿವಾಜಿನಗರ ಬಸ್ ನಿಲ್ದಾಣದ ಹಿಂಭಾಗ.

ವಿಷಯ: ಒಂದು ವರ್ಷ ಕಾಲ ಎಡಕ್ಕೆ ತಿರುಗದೆ ನನ್ನನ್ನು ಕಾಪಾಡಿದ್ದಕ್ಕೆ ವಂದನೆ ಮತ್ತು ದೂರು.

ಮಾನ್ಯರೇ,

ತಮ್ಮ ಪರದೆಗೂ, ಪರದೆಯ ಮೇಲಿನ ಬೆರಳಚ್ಚುಗಳಿಗೂ, ತಮ್ಮ ಮೈಮೇಲೆ ಪಾಷಾ ಅಂಟಿಸಿರುವ ‘ಒರಗಬೇಡಿ’ ಎಂಬ ಚೀಟಿಗೂ, ಆ ಚೀಟಿಯ ಮೇಲೆಯೇ ಒರಗಿ ವರ್ಷ ಕಳೆದ ಈ ಬಡಪಾಯಿಯ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಾನೂ ಕ್ಷೇಮವೆಂದು ಬರೆಯುವುದು ವಾಡಿಕೆಯೇನೋ ಹೌದು, ಆದರೆ ಆರು ದಿನಗಳಿಂದ ನನ್ನ ಹೆಂಡತಿ ಸೀತಾಲಕ್ಷ್ಮಿ ನನ್ನೆದುರು ಊಟದ ತಟ್ಟೆ ಇಡುವಾಗ ಏಳುತ್ತಿರುವ ಸದ್ದನ್ನು ಕೇಳಿದವರು ಯಾರೂ ಆ ಮಾತನ್ನು ನಂಬಲಾರರು.

ತಾವು ನನ್ನನ್ನು ‘ಎಸ್ ಯು ಡಿ’ ಎಂಬ ಮೂರಕ್ಷರದಲ್ಲಿ ಮಾತ್ರ ಬಲ್ಲಿರಿ. ಅದಕ್ಕಿಂತ ಹೆಚ್ಚು ಬರೆಯಲು ತಮ್ಮಲ್ಲಿ ಜಾಗವಿಲ್ಲ. ಪೂರ್ತಿ ಹೆಸರು ಕೆ. ಸುದರ್ಶನ. ಕೃಷ್ಣರಾಜಪುರದ ಕಡೆಯ ಒಂದು ಟೆಲಿಫೋನ್ ಕಾರ್ಖಾನೆಯಲ್ಲಿ ಇಪ್ಪತ್ನಾಲ್ಕು ವರ್ಷ ರಿಲೇ ಹೊಂದಿಸುವ ಕೆಲಸ ಮಾಡಿದವನು. ತಮ್ಮಂಥ ದೊಡ್ಡವರಿಗೆ ರಿಲೇ ಎಂದರೆ ತಿಳಿಯಲಿಕ್ಕಿಲ್ಲ: ಅದರೊಳಗೆ ಲೋಹದ ತೆಳುವಾದ ಪಟ್ಟಿಗಳು ಒಂದರ ಪಕ್ಕ ಒಂದು ನಿಂತಿರುತ್ತವೆ, ಅವುಗಳ ತುದಿಗಳು ಸರಿಯಾಗಿ ಮುಟ್ಟಿದರೆ ಇಲ್ಲಿ ಆಡಿದ ಮಾತು ಅಲ್ಲಿ ಕೇಳುತ್ತದೆ, ಕೂದಲೆಳೆಯಷ್ಟು ದೂರ ಉಳಿದರೆ ಕೇಳುವುದಿಲ್ಲ. ಆ ಕೂದಲೆಳೆಯಷ್ಟನ್ನು ಬಗ್ಗಿಸುವುದೇ ನನ್ನ ಉದ್ಯೋಗ. ಹಳೇ ಗರಗಸದ ಬ್ಲೇಡನ್ನು ಅರೆದು ಅದಕ್ಕೆಂದೇ ನಾನೊಂದು ಸಣ್ಣ ಸಾಧನ ಮಾಡಿಕೊಂಡಿದ್ದೆ. ಸೆಕ್ಷನ್ನಿನಲ್ಲಿ ಅದನ್ನು ‘ಸುದರ್ಶನ್ ಬ್ಲೇಡು’ ಎಂದೇ ಕರೆಯುತ್ತಿದ್ದರು. ಆಮೇಲೆ ಒಂದು ದಿನ ನಮ್ಮನ್ನೆಲ್ಲ ಕ್ಯಾಂಟೀನಿನಲ್ಲಿ ಕೂರಿಸಿ, ಇನ್ನು ಮುಂದೆ ಎಲ್ಲವೂ ಎಲೆಕ್ಟ್ರಾನಿಕ್, ಬಗ್ಗಿಸುವಂಥದ್ದು ಏನೂ ಉಳಿದಿಲ್ಲ, ಇಷ್ಟವಿದ್ದವರು ಸ್ವಯಂ ನಿವೃತ್ತಿ ತೆಗೆದುಕೊಳ್ಳಬಹುದು ಎಂದು ಹೇಳಿ ಜಾಮೂನು ಕೊಟ್ಟರು. ನಾನು ಜಾಮೂನನ್ನೂ ತೆಗೆದುಕೊಂಡೆ, ನಿವೃತ್ತಿಯನ್ನೂ ತೆಗೆದುಕೊಂಡೆ. ಆಗ ನನಗೆ ನಲವತ್ತೆಂಟು.

ಕಳೆದ ವರ್ಷ ಯುಗಾದಿಯ ಮರುವಾರ ನಾನು ಶಿವಾಜಿನಗರಕ್ಕೆ ಬಂದದ್ದು ತಮ್ಮ ದರ್ಶನಕ್ಕಲ್ಲ ಎಂಬುದನ್ನು ಇಲ್ಲಿ ವಿನಯದಿಂದ ದಾಖಲಿಸುತ್ತೇನೆ. ಪಾಷಾ ಅಂಗಡಿಯ ಮೇಲ್ಮಹಡಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಯುತ್ತದೆಂದು ತಿಳಿದು, ಸೇರಿಕೊಳ್ಳಲು ಬಂದಿದ್ದೆ. ಅರ್ಧ ಮೆಟ್ಟಿಲು ಹತ್ತಿ ಇಣುಕಿದರೆ, ಮೀಸೆ ಸರಿಯಾಗಿ ಮೂಡದವರೆಲ್ಲ ಹತ್ತು ಬೆರಳಿನಲ್ಲಿ ಪಟಪಟನೆ ಕುಟ್ಟುತ್ತಿದ್ದರು. ಅವರ ಮಧ್ಯೆ ಕೂತು ‘ಇದನ್ನು ಎಲ್ಲಿ ಆನ್ ಮಾಡುವುದು?’ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಹತ್ತಿದ ಮೆಟ್ಟಿಲನ್ನು ಹಾಗೆಯೇ ಇಳಿದೆ. ಇಳಿದಲ್ಲಿ ತಾವಿದ್ದಿರಿ. ಘಟ್ಟದ ರಸ್ತೆಯಲ್ಲಿ ಒಂದು ನೀಲಿ ಕಾರು, ಅದನ್ನು ಆಡಿಸಲು ಒಂದು ಕಡ್ಡಿ, ವೇಗಕ್ಕೆ ಒಂದು ಹಸಿರು ಬಟನ್, ಪಕ್ಕದಲ್ಲಿ ಯಾತಕ್ಕೆಂದು ನಾನು ವಿಚಾರಿಸದ ಒಂದು ಕೆಂಪು ಬಟನ್. ಪಾಷಾ ಕೊಟ್ಟ ಹಿತ್ತಾಳೆ ಬಿಲ್ಲೆ ಹಾಕಿದೆ, ಅಷ್ಟೇ.

ಸಂಜೆ ಮನೆಗೆ ಹೋದಾಗ ಸೀತಾಲಕ್ಷ್ಮಿ, ‘ಕ್ಲಾಸ್ ಹೇಗಿತ್ತ್ರೀ?’ ಎಂದಳು. ‘ಚೆನ್ನಾಗಿತ್ತು’ ಎಂದೆ. ನಾಳೆ ಹೋಗಿ ನಿಜವಾಗಿಯೂ ಸೇರಿಬಿಟ್ಟರೆ ಇದು ಸುಳ್ಳೇ ಆಗುವುದಿಲ್ಲವಲ್ಲ ಎಂಬುದು ನನ್ನ ಲೆಕ್ಕಾಚಾರ. ಮರುದಿನ ಅವಳು ಬೆಳಿಗ್ಗೆಯೇ ಎದ್ದು ಚಪಾತಿ, ಪಲ್ಯ, ಮೇಲೊಂದು ಪುಟ್ಟ ಡಬ್ಬಿಯಲ್ಲಿ ಮೊಸರನ್ನ ಕಟ್ಟಿಕೊಟ್ಟು, ‘ಲೆಕ್ಕ ಜಾಸ್ತಿ ಇರತ್ತಂತೆ, ತಲೆ ಬಿಸಿ ಮಾಡ್ಕೋಬೇಡಿ’ ಎಂದು ಹೇಳಿ ಕಳಿಸಿದಳು. ಆ ಡಬ್ಬಿ ಹಿಡಿದುಕೊಂಡು, ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡು, ಟಿನ್ ಫ್ಯಾಕ್ಟರಿ, ಹಲಸೂರು ದಾಟಿ ಬರುವ ಬಸ್ಸಿನಲ್ಲಿ ನಾನು ಒಂದು ವರ್ಷ ತಮ್ಮ ಸನ್ನಿಧಿಗೆ ಬಂದಿದ್ದೇನೆ. ಕಾರ್ಖಾನೆಗೂ ನಾನು ಅಷ್ಟು ಸರಿಯಾದ ಹೊತ್ತಿಗೆ ಹೋದವನಲ್ಲ.

ತಮ್ಮ ಗುಣಗಳನ್ನು ಎಷ್ಟು ಹೊಗಳಿದರೂ ಕಡಿಮೆ. ಆಟದ ಮೊದಲೆರಡು ಘಟ್ಟಗಳಲ್ಲಿ ಬರುವ ಸಣ್ಣಪುಟ್ಟ ಎಡತಿರುವುಗಳಿಗೆ ತಾವು ಒಲ್ಲದ ಮನಸ್ಸಿನಿಂದಲಾದರೂ ಒಪ್ಪುತ್ತಿದ್ದಿರಿ. ಮೂರನೆಯ ಘಟ್ಟದಲ್ಲಿ, ಸೇತುವೆಗೆ ಮುಂಚೆ ಬರುವ ದೊಡ್ಡ ಎಡತಿರುವಿನಲ್ಲಿ ಮಾತ್ರ, ನಾನು ಕಡ್ಡಿಯನ್ನು ಎಷ್ಟೇ ಎಳೆದರೂ ಕಾರು ತನ್ನ ಪಾಡಿಗೆ ನೇರ ಹೋಗಿ ಕಣಿವೆಗೆ ಬೀಳುತ್ತಿತ್ತು. ದಿನವೂ ಬೀಳುತ್ತಿತ್ತು. ನಾನು ಕನ್ನಡಕದ ನಂಬರ್ ಬದಲಾಯಿಸಿದೆ. ಕೈ ನಿಧಾನವಾಗಿದೆಯೆಂದು ಬೆಳಿಗ್ಗೆ ಎದ್ದು ಬೆರಳಿನ ವ್ಯಾಯಾಮ ಮಾಡಿದೆ. ಅದನ್ನು ನೋಡಿದ ಸೀತಾಲಕ್ಷ್ಮಿ ಟೈಪಿಂಗ್ ಅಭ್ಯಾಸವೆಂದು ತಿಳಿದು ನನಗೆ ಬಾದಾಮಿ ನೆನೆಹಾಕಿ ಕೊಟ್ಟಳು. ಕಾರ್ಖಾನೆಯವರು ಸರಿಯಾಗಿಯೇ ಹೇಳಿದರು, ಈ ಕಾಲಕ್ಕೆ ಈ ಕೈ ಒಗ್ಗುವುದಿಲ್ಲ ಎಂದು ಬಸ್ಸಿನ ಕಿಟಕಿ ಪಕ್ಕ ಕೂತು ಎಷ್ಟೋ ಸಂಜೆ ಅಂದುಕೊಂಡಿದ್ದೇನೆ. ಅದು ತಮಾಷೆಗೆ ಅಂದುಕೊಂಡದ್ದಲ್ಲ, ಮಾನ್ಯರೇ. ನಿಜವಾಗಿ ನೋವಾಗಿತ್ತು.

ಆದರೂ ತಮ್ಮ ಬಳಿ ನನಗೊಂದು ಸ್ಥಾನವಿತ್ತು. ಅಂಗಡಿಯ ಉಳಿದ ಯಂತ್ರಗಳ ಮುಂದೆ ಹುಡುಗರು ಮುತ್ತಿಕೊಂಡು ಕಾದಾಡುತ್ತಿದ್ದರೂ ತಮ್ಮನ್ನು ಯಾರೂ ಮುಟ್ಟುತ್ತಿರಲಿಲ್ಲ. ‘ಏಯ್, ಅದು ಅಂಕಲ್ ಮಶೀನು ಮಗಾ, ಬಿಡು’ ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ್ದನ್ನು ಕೇಳಿ ನನ್ನ ಎದೆ ಎರಡಿಂಚು ಉಬ್ಬಿತ್ತು. ಈ ಕಾಲದ ಮಕ್ಕಳಿಗೆ ಹಿರಿಯರೆಂದರೆ ಗೌರವವಿಲ್ಲ ಎನ್ನುವವರನ್ನು ಕರೆತಂದು ತೋರಿಸಬೇಕೆನಿಸಿತ್ತು. ಹೆಚ್ಚು ಅಂಕ ಗಳಿಸಿದವರ ತಮ್ಮ ಪಟ್ಟಿ ಬೆಳಿಗ್ಗೆ ಸ್ವಿಚ್ ಹಾಕಿದಾಗ ಖಾಲಿಯಿರುತ್ತಿತ್ತು, ಮಧ್ಯಾಹ್ನದೊಳಗೆ ಹತ್ತೂ ಸಾಲುಗಳಲ್ಲಿ ನನ್ನದೇ ಹೆಸರು. ಮೊದಲನೆಯವನೂ ನಾನೇ, ಹತ್ತನೆಯವನೂ ನಾನೇ.

ಇತ್ತ ನನ್ನ ಸುಳ್ಳು ತನ್ನ ಪಾಡಿಗೆ ಬೆಳೆಯುತ್ತಿತ್ತು. ನಾನು ಹೇಳಿದ್ದು ಒಂದೇ ಮಾತು. ಸೀತಾಲಕ್ಷ್ಮಿ ಅದನ್ನು ನಾವು ಮೊದಲಿದ್ದ ಕಾರ್ಖಾನೆ ಕಾಲೊನಿಯ ಪ್ರತಿ ಮನೆಗೂ ಹೋಳಿಗೆ ಹಂಚಿದಂತೆ ಹಂಚಿದ್ದಳು. ನಾನು ಪರೀಕ್ಷೆ ಪಾಸಾಗಲೆಂದು ಹಲಸೂರಿನ ಸೋಮೇಶ್ವರನಿಗೆ ಹರಕೆ ಹೊತ್ತಳು. ನಾನು ನಿವೃತ್ತಿ ತೆಗೆದುಕೊಂಡಾಗ ‘ಅಯ್ಯೋ ಪಾಪ’ ಎಂದು ಅವಳ ಮುಖಕ್ಕೇ ಅಂದಿದ್ದವರಿಗೆಲ್ಲ ಈ ಒಂದು ವರ್ಷ ಅವಳು ತಲೆಯೆತ್ತಿ ಉತ್ತರ ಕೊಟ್ಟಿದ್ದಳು. ಕಳೆದ ಗುರುವಾರ, ಕಾಲೊನಿಯ ಮಹಿಳಾ ಸಮಾಜದ ಕಾರ್ಯದರ್ಶಿ ಸುಭದ್ರಮ್ಮನವರು ಮನೆಗೆ ಬಂದು ಹೋದರೆಂದೂ, ಸಮಾಜಕ್ಕೆ ಕಂಪ್ಯೂಟರ್ ಬಂದಿದೆಯೆಂದೂ, ಭಾನುವಾರ ಅದನ್ನು ನಾನೇ ಚಾಲೂ ಮಾಡಿ ಮಕ್ಕಳಿಗೆ ಮೊದಲ ಪಾಠ ಹೇಳಬೇಕೆಂದೂ, ಶಾಲು ಹೊದಿಸುತ್ತಾರೆಂದೂ ಹೇಳಿದಳು. ‘ನಾನು ಹೂಂ ಅಂದ್ಬಿಟ್ಟೆ ಕಣ್ರೀ. ನಿಮ್ಮನ್ನ ಕೇಳಿದ್ರೆ ಬೇಡ ಅಂತೀರ, ನನಗೊತ್ತು’ ಎಂದು ನಕ್ಕಳು.

ಶುಕ್ರವಾರ ತಮ್ಮ ಮುಂದೆ ನಿಂತಾಗ ನನಗೆ ಬೇರೇನೂ ಬೇಕಿರಲಿಲ್ಲ. ನಾಡಿದ್ದು ಮಾನ ಹೋಗುವುದು ಹೇಗೂ ಖಂಡಿತ. ಅದಕ್ಕೆ ಮುಂಚೆ ಆ ಒಂದು ತಿರುವು ದಾಟಿದರೆ, ವರ್ಷದಲ್ಲಿ ಏನೋ ಒಂದು ಸಾಧಿಸಿದೆನೆಂದು ನನಗೆ ನಾನೇ ಹೇಳಿಕೊಳ್ಳಬಹುದಿತ್ತು. ಕಾರು ಕಣಿವೆಗೆ ಬಿತ್ತು. ಮತ್ತೆ ಬಿತ್ತು. ಏಳನೆಯ ಸಲ ಬಿದ್ದಾಗ ನಾನು ತಲೆಯ ಮೇಲೆ ಕೈಹೊತ್ತು ಕೂತದ್ದನ್ನು ಕಂಡು ಪಾಷಾ ಹತ್ತಿರ ಬಂದು, ‘ಸಾರ್, ಬೇಜಾರ್ ಮಾಡ್ಕೋಬೇಡಿ. ಅದ್ರ ಲೆಫ್ಟು ಒಂದೂವರೆ ವರ್ಷದಿಂದ ಸರಿಯಾಗಿ ಕೆಲ್ಸ ಮಾಡಲ್ಲ ಸಾರ್. ಅದಕ್ಕೇ ಹುಡುಗ್ರು ಯಾರೂ ಮುಟ್ಟಲ್ಲ. ತೆಗ್ದು ಬಿಸಾಕ್ಬೇಕು ಅಂತಿದ್ದೆ, ನಿಮಗೆ ಇಷ್ಟ ಅಂತ ಇಟ್ಕೊಂಡಿದೀನಿ’ ಎಂದರು.

ಮಾನ್ಯರೇ, ಆ ಕ್ಷಣದಲ್ಲಿ ನನ್ನ ಮುಖ ಹೇಗಿತ್ತೆಂಬುದನ್ನು ತಮ್ಮ ಗಾಜಿನಲ್ಲಿ ನಾನೇ ಕಂಡೆ. ಪಾಷಾ ಸಮಾಧಾನ ಮಾಡಲೆಂದೋ ಏನೋ ಕಡ್ಡಿಯ ಕೆಳಗಿನ ಹಲಗೆಯನ್ನು ಬಿಚ್ಚಿ ತೋರಿಸಿದರು. ಒಳಗೆ ಏನೇನಿರುತ್ತದೆಂದು ನಾನು ಊಹಿಸಿದ್ದೆನೋ! ಎಲೆಕ್ಟ್ರಾನಿಕ್ ಎಂದರೆ ನಮ್ಮಂಥವರ ಕಣ್ಣಿಗೆ ಕಾಣದ್ದು, ಕೈಗೆ ಎಟುಕದ್ದು ಎಂದೇ ಕ್ಯಾಂಟೀನಿನಲ್ಲಿ ಜಾಮೂನಿನ ಜೊತೆ ನುಂಗಿದ್ದೆ. ಒಳಗೆ ಇದ್ದದ್ದು ಲೋಹದ ತೆಳುವಾದ ಪಟ್ಟಿಗಳು. ಒಂದರ ಪಕ್ಕ ಒಂದು. ಕಡ್ಡಿ ಎಳೆದರೆ ಎಡಗಡೆಯ ಜೋಡಿ ಒಮ್ಮೆ ತಾಗಿ ಮತ್ತೆ ಕೂದಲೆಳೆಯಷ್ಟು ದೂರ ನಿಲ್ಲುತ್ತಿತ್ತು.

ಇಪ್ಪತ್ನಾಲ್ಕು ವರ್ಷ ಇದನ್ನೇ ಸರಿಮಾಡಿ ಸಂಬಳ ತೆಗೆದುಕೊಂಡವನು ಇದರಿಂದಲೇ ಒಂದು ವರ್ಷ ಸೋತಿದ್ದಾನೆ. ಸುದರ್ಶನ್ ಬ್ಲೇಡು ಎಲ್ಲಿತ್ತು ಎಂದು ತಾವು ಕೇಳಬಹುದು. ಎರಡು ಪೆನ್ನುಗಳ ಮಧ್ಯೆ, ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಅಭ್ಯಾಸಬಲದಿಂದ ದಿನವೂ ಇಟ್ಟುಕೊಂಡು ಬರುತ್ತಿದ್ದೆ, ದಿನವೂ ಆ ಪಟ್ಟಿಯಿಂದ ಒಂದು ಗೇಣು ದೂರದಲ್ಲಿ ಒರಗಿ ನಿಲ್ಲುತ್ತಿದ್ದೆ. ತೆಗೆದು ಬಗ್ಗಿಸಿದೆ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಕೈಗೆ ಎಲ್ಲವೂ ನೆನಪಿತ್ತು, ಕಣ್ಣು ಮಾತ್ರ ತುಂಬಿಕೊಂಡಿತು. ಬಿಲ್ಲೆ ಹಾಕಿದೆ, ಮೂರನೆಯ ಘಟ್ಟಕ್ಕೆ ಬಂದೆ, ಕಡ್ಡಿ ಎಳೆದೆ, ತಾವು ಬೆಣ್ಣೆಯ ಹಾಗೆ ಎಡಕ್ಕೆ ತಿರುಗಿದಿರಿ. ತಿರುಗಿದ ಕೂಡಲೇ ಎದುರಿಗೆ ಒಂದು ಲಾರಿ ನಿಂತಿತ್ತು, ನಾನು ಅದಕ್ಕೆ ಗುದ್ದಿ ಸತ್ತೆ. ಮತ್ತೆ ಮೂರು ಸಲ ಸತ್ತೆ. ವರ್ಷವಿಡೀ ದೋಷ ತಮ್ಮೊಬ್ಬರದೇ ಆಗಿರಲಿಲ್ಲವೆಂದು ಇದರಿಂದ ಸ್ಪಷ್ಟವಾಯಿತು. ಲೆಫ್ಟು ಸರಿಹೋದ ಸುದ್ದಿ ಹಬ್ಬಿ ಹುಡುಗರು ತಮ್ಮನ್ನು ಮುತ್ತಿಕೊಂಡರು. ಸಂಜೆಯೊಳಗೆ ಪಟ್ಟಿಯ ಹತ್ತು ಸಾಲಿನಲ್ಲೂ ನಾನಿರಲಿಲ್ಲ.

ಹೊರಡುವಾಗ ಪಾಷಾ, ಅಂಗಡಿಯ ಹನ್ನೊಂದು ಯಂತ್ರಗಳನ್ನೂ ನೋಡಿಕೊಳ್ಳಲು ಬರುತ್ತೀರಾ ಎಂದು ಕೇಳಿದರು. ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಸೀತಾಲಕ್ಷ್ಮಿ, ‘ಅಲ್ಲಾ ರೀ, ವರ್ಷದಲ್ಲಿ ಒಂದ್ಸಲನಾದ್ರೂ ಗೆದ್ರಾ?’ ಎಂದು ಕೇಳಿದಳು. ಇಲ್ಲವೆಂದೆ. ಭಾನುವಾರ ನನಗೆ ಜ್ವರವೆಂದು ಹೇಳಿ ಕಳಿಸೋಣವೆಂದು ಮೆಲ್ಲಗೆ ಸೂಚಿಸಿದೆ. ‘ನನ್ನ ಬಾಯಲ್ಲಿ ಇನ್ನೊಂದು ಸುಳ್ಳು ಹೇಳಿಸ್ಬೇಡಿ. ನಿಮ್ಮ ಸುಳ್ಳು ಹೊತ್ಕೊಂಡು ಮನೆಮನೆ ತಿರುಗಿದ್ದು ಸಾಕು’ ಎಂದಳು. ಭಾನುವಾರ ರೇಷ್ಮೆ ಸೀರೆ ಉಟ್ಟು, ನನ್ನನ್ನೂ ಕರೆದುಕೊಂಡು ಹೋಗಿ, ಮೇಜಿನ ಮೇಲೆ ಶಾಲು ಮಡಿಸಿಟ್ಟಿದ್ದ ಆ ಸಭೆಯಲ್ಲಿ ಎದ್ದು ನಿಂತು, ‘ನಮ್ಮನೆಯವ್ರಿಗೆ ಕಂಪ್ಯೂಟರ್ ಬರಲ್ಲ. ನಾನು ಹೇಳಿದ್ದು ತಪ್ಪಾಯ್ತು’ ಎಂದು ಹೇಳಿ ಕೂತಳು. ‘ಅವರು ಸುಳ್ಳು ಹೇಳಿದರು’ ಎನ್ನಲಿಲ್ಲ. ‘ನಾನು ಹೇಳಿದ್ದು ತಪ್ಪು’ ಎಂದಳು. ಅದಕ್ಕಿಂತ ಅವಳು ನನ್ನ ಮುಖಕ್ಕೆ ಮಂಗಳಾರತಿ ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಅಲ್ಪ. ‘ಎಡಕ್ಕೆ ತಿರುಗದಿರುವ ವಿಷಯದಲ್ಲಿ ಒಂದು ವರ್ಷದ ತರಬೇತಿ ಮುಗಿಸಿದ್ದಾರೆ’ ಎಂದು ತಮ್ಮ ಪರದೆಯ ಎಂಟೂ ಬಣ್ಣಗಳಲ್ಲಿ ಒಂದು ಸರ್ಟಿಫಿಕೇಟ್ ದಯಪಾಲಿಸಬೇಕು. ಸೋಮೇಶ್ವರನ ಹರಕೆ ಯಾವ ಪರೀಕ್ಷೆಗೆ ಸಲ್ಲುತ್ತದೆಂದು ಅರ್ಚಕರು ಕೇಳಿದರೆ ತೋರಿಸಲು ಬೇಕಾಗುತ್ತದೆ. ಕಾರು ಕಣಿವೆಗೆ ಬಿದ್ದಾಗ ಹೊಸ ಕಾರೊಂದು ತಾನಾಗಿ ರಸ್ತೆಗೆ ಬರುವ ಏರ್ಪಾಡು ತಮ್ಮಲ್ಲಿದೆಯಷ್ಟೆ; ಅಂಥದ್ದೇ ಒಂದನ್ನು ನಮ್ಮ ಮನೆಗೂ ಮಂಜೂರು ಮಾಡಿ, ‘ಕ್ಲಾಸ್ ಹೇಗಿತ್ತ್ರೀ?’ ಎಂದು ಅವಳು ಕೇಳಿದ ಆ ಸಂಜೆಗೆ ನನ್ನನ್ನು ವಾಪಸ್ ಬಿಡಬೇಕು. ಅದು ಆಗದಿದ್ದಲ್ಲಿ, ಅವಳು ನನ್ನ ಮುಂದೆ ತಟ್ಟೆಯನ್ನು ಸದ್ದಿಲ್ಲದೆ ಇಡುವ ಹಾಗಾದರೂ ಮಾಡಬೇಕು. ಪಾಷಾ ಕೇಳಿದ್ದಕ್ಕೆ ಒಪ್ಪಿ, ಮೊನ್ನೆ ಸೋಮವಾರದಿಂದ ನಾನು ತಮ್ಮ ಸೇವೆಗೆ ನೌಕರನಾಗಿ ಬರುತ್ತಿದ್ದೇನೆ. ಡಬ್ಬಿ ಮಾತ್ರ ಇನ್ನೂ ಶುರುವಾಗಿಲ್ಲ.

ಇಂತಿ, ಒಂದು ಗೇಣು ದೂರದಲ್ಲಿ ಒರಗಿದ್ದ
ತಮ್ಮ ವಿಶ್ವಾಸಿ,
ಕೆ. ಸುದರ್ಶನ

ತಾ.ಕ.: ಕವರಿಗೆ ಅಂಟು ಹಚ್ಚುವ ಮೊದಲೇ, ಅಂದರೆ ಶನಿವಾರ, ಸೀತಾಲಕ್ಷ್ಮಿ ನಾನು ನಿಜವಾಗಿಯೂ ಕೆಲಸ ಮಾಡುತ್ತೇನೋ ಇಲ್ಲವೋ ನೋಡಲು ಅಂಗಡಿಗೇ ಬಂದಳು. ತಮ್ಮನ್ನು ಮೇಲಿಂದ ಕೆಳಗಿನವರೆಗೂ ನೋಡಿ, ಪಾಷಾ ಹತ್ತಿರ ಒಂದು ಬಿಲ್ಲೆ ಇಸಿದುಕೊಂಡು, ಸೆರಗು ಸಿಕ್ಕಿಸಿ ನಿಂತಳು. ಮೂರನೆಯ ಘಟ್ಟದ ಆ ತಿರುವಿಗೆ ಬಂದಾಗ ಕಾರು ನಿಂತೇಬಿಟ್ಟಿತು. ತಿರುವಿನಾಚೆ ನಿಂತಿದ್ದ ಲಾರಿ ತಾನಾಗಿ ಹೊರಟುಹೋಯಿತು. ಅವಳು ನಿಧಾನವಾಗಿ ಎಡಕ್ಕೆ ತಿರುಗಿ, ಸೇತುವೆ ದಾಟಿ, ನಾನು ಜನ್ಮದಲ್ಲಿ ಕಾಣದ ನಾಲ್ಕನೆಯ ಘಟ್ಟಕ್ಕೆ ಹೋದಳು. ‘ಮುಂದೆ ಏನಿದೆ ಅಂತ ನೋಡ್ದೆ ಯಾಕ್ರೀ ನುಗ್ತೀರಾ?’ ಎಂದು ನನ್ನ ಕಡೆ ತಿರುಗದೆಯೇ ಕೇಳಿದಳು. ಆ ಆರು ದಿನಕ್ಕೆ ಇನ್ನೆರಡು ಸೇರಿ, ಎಂಟು ದಿನದ ಮೇಲೆ ಅವಳಾಗಿ ನನ್ನೊಡನೆ ಆಡಿದ ಮೊದಲ ಮಾತು. ಆ ಕೆಂಪು ಬಟನ್ ಬ್ರೇಕು ಎಂಬುದನ್ನು ತಾವು ಒಂದು ವರ್ಷ ನನ್ನಿಂದ ಮುಚ್ಚಿಟ್ಟದ್ದೇಕೆಂದು ಕೇಳೋಣವೆಂದಿದ್ದೆ. ಹತ್ತಿರ ಹೋಗಿ ಕನ್ನಡಕ ಒರೆಸಿ ನೋಡಿದರೆ, ಬಟನ್ನಿನ ಕೆಳಗೆ ಅಚ್ಚಕನ್ನಡದಲ್ಲಿ ಪಾಷಾ ಬರೆದು ಅಂಟಿಸಿದ್ದರು: ‘ನಿಲ್ಲಿಸಿ’. ಅದರ ಮೇಲೆ ನಾನು ದಿನವೂ ಡಬ್ಬಿ ಇಡುತ್ತಿದ್ದೆ.