ಡಚ್ಚರ ಸಂಘಕ್ಕೆ ನಾನು ಅಧ್ಯಕ್ಷರನ್ನು ಕೊಟ್ಟದ್ದು

ಸಂಘ ನಡೆಸುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಉಡುಪಿಯಿಂದ ಮಣಿಪಾಲದವರೆಗೆ ಒಟ್ಟು ಹನ್ನೊಂದು ಸಂಘಗಳಲ್ಲಿ ನಾನು ಕಾರ್ಯದರ್ಶಿ, ಉಪಾಧ್ಯಕ್ಷ ಅಥವಾ ಕನಿಷ್ಠ ಪಕ್ಷ ಸಲಹೆಗಾರ. ಮೈಕಿನ ಮುಂದೆ ನಿಂತು 'ವೇದಿಕೆಯ ಮೇಲಿರುವ ಗಣ್ಯರೇ' ಎನ್ನದೆ ಒಂದು ವಾರ ಕಳೆದರೆ ನನಗೆ ಗಂಟಲು ಕಟ್ಟುತ್ತದೆ. ಇಂಥವನ ಮನೆಯ ಮಹಡಿಯಲ್ಲೇ, ಅಧ್ಯಕ್ಷರಿಲ್ಲದ ಒಂದು ಸಂಘ ಎರಡು ವರ್ಷದಿಂದ ನಡೆಯುತ್ತಿತ್ತು ಎಂದರೆ ನನಗಾದ ಆಘಾತವನ್ನು ನೀವೇ ಊಹಿಸಿ!

ಮಹಡಿಯಲ್ಲಿ ಬಾಡಿಗೆಗಿರುವವರು ಆನ್ನೆಕೆ. ಹಾಲೆಂಡಿನವರು, ಮಣಿಪಾಲದಲ್ಲಿ ಪಾಠ ಮಾಡುತ್ತಾರೆ. ಕನ್ನಡವನ್ನು ಪುಸ್ತಕದಿಂದ ಕಲಿತದ್ದರಿಂದ ನಮಗಿಂತ ಶುದ್ಧವಾಗಿ ಮಾತಾಡುತ್ತಾರೆ. ಒಂದು ಬೆಳಿಗ್ಗೆ ಕೆಳಗಿಳಿದು ಬಂದು ಹೇಳಿದರು: "ರಾಯರೇ, ನಮ್ಮ ಡಚ್ ಸಂಘದ ಮುಂದಿನ ಸಭೆಗೆ ಕೆಳಗಿನ ಈ ಚಾವಡಿಯನ್ನು ಕೊಡುವಿರಾ? ಶಿರ್ವದ ಗ್ರೀಟ್ ಅವರಿಗೆ ಮಂಡಿನೋವು. ಮೆಟ್ಟಿಲು ಹತ್ತಲು ಆಗುವುದಿಲ್ಲ."

"ಸಂಘವಾ? ಅಧ್ಯಕ್ಷರು ಯಾರು?"

"ಯಾರೂ ಇಲ್ಲ."

"ಅಯ್ಯೋ, ತೀರಿಕೊಂಡ್ರಾ?"

"ಇರಲೇ ಇಲ್ಲ."

ನಾನು ಕುರ್ಚಿ ಹುಡುಕಿ ಕೂತೆ. ಕಾರ್ಯದರ್ಶಿಯೂ ಇಲ್ಲವಂತೆ. ಕಾಫಿ ಮಾಡುವ ಸರದಿ ಯಾರದ್ದೋ, ಆ ತಿಂಗಳ ಕೆಲಸವೆಲ್ಲ ಅವರದ್ದು. ಯಾವ ನಿರ್ಣಯವಾದರೂ ಎಲ್ಲರೂ ಒಪ್ಪುವವರೆಗೆ ಮಾತಾಡುತ್ತಲೇ ಇರುತ್ತಾರಂತೆ. ಯಾವ ಬಿಸ್ಕತ್ತು ತರುವುದು ಎಂದು ತೀರ್ಮಾನಿಸಲು ಒಮ್ಮೆ ಎರಡು ಸಭೆ ಬೇಕಾಯಿತಂತೆ! ಸದಸ್ಯರು ಒಟ್ಟು ಒಂಬತ್ತು. ಆನ್ನೆಕೆ, ಗ್ರೀಟ್, ಕಾಪುವಿನ ಕಡಲ ಬದಿಯಲ್ಲಿ ಮನೆ ಮಾಡಿಕೊಂಡ ನಿವೃತ್ತ ದಂಪತಿ, ನಾಲ್ವರು ವಿದ್ಯಾರ್ಥಿಗಳು, ಜೊತೆಗೆ ಕಾರ್ಕಳದ ಗ್ರಾನೈಟ್ ವ್ಯಾಪಾರಿ ಹೆಗ್ಡೆಯವರು.

"ಹೆಗ್ಡೆಯವರು ಯಾವಾಗ ಡಚ್ಚರಾದ್ರು?"

"ಆಗಲಿಲ್ಲ. ರೋಟರ್‌ಡ್ಯಾಮಿನಲ್ಲಿ ಹತ್ತು ವರ್ಷ ಇದ್ದರು, ನಮ್ಮ ಭಾಷೆ ಬರುತ್ತದೆ. ಮಾತಾಡುವ ಆಸೆ ಇದ್ದವರೆಲ್ಲ ಸದಸ್ಯರೇ. ನಾವು ಸೇರುವುದು ಮುಖ್ಯವಾಗಿ ಗ್ರೀಟ್ ಅವರಿಗಾಗಿ. ಶಿರ್ವದವರೇ ಆಗಿದ್ದ ಪತಿ ತೀರಿಕೊಂಡ ಮೇಲೆ ಅವರಿಗೆ ತಮ್ಮ ಭಾಷೆ ಮಾತಾಡಲು ತಿಂಗಳಿಗೆ ಈ ಎರಡು ಗಂಟೆ ಮಾತ್ರ."

ಈ ಮಾತು ನನ್ನ ಕಿವಿಗೆ ಬಿತ್ತು. ಆದರೆ ತಲೆಯಲ್ಲಿ ಆಗಲೇ ಆಮಂತ್ರಣ ಪತ್ರಿಕೆ ಅಚ್ಚಾಗುತ್ತಿದ್ದುದರಿಂದ ಅಲ್ಲಿಗೆ ಅದು ಹೋಗಲಿಲ್ಲ.

"ಮೇಡಂ, ಒಂದು ಸಣ್ಣ ಉದ್ಘಾಟನಾ ಸಮಾರಂಭ ಮಾಡುವ. ಎಲ್ಲ ನನಗೆ ಬಿಡಿ!"

"ಬೇಡ. ಚಾವಡಿ ಸಾಕು."

"ಹಾಗೆ ಹೇಳಿದ್ರೆ ಹೇಗೆ?"

"ನಿಜವಾಗಿಯೂ ಬೇಡ."

ನಮ್ಮಲ್ಲಿ ಮೊದಲ 'ಬೇಡ' ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಮೂರನೆಯ ಸಲ ಬಡಿಸಲು ಹೋದರೆ ಎಲೆಗೆ ಅಡ್ಡ ಹಿಡಿದ ಕೈ ತಾನಾಗಿ ಸರಿಯುತ್ತದೆ. ಆದ್ದರಿಂದ ಅವರ ಎರಡು 'ಬೇಡ'ಗಳನ್ನು ನಾನು ಸರ್ವಾನುಮತದ ಒಪ್ಪಿಗೆ ಎಂದು ದಾಖಲಿಸಿಕೊಂಡೆ. ಹೆಂಡತಿ ಸುಮತಿ ಮಾತ್ರ ಒಳಗಿನಿಂದ, "ಅವರು ಬೇಡ ಅಂದ್ರಲ್ಲ ಮಾರಾಯ್ರೇ, ನಿಮಗೆ ಎಂತಕ್ಕೆ ಇಲ್ಲದ ಮಂಡೆಬಿಸಿ?" ಎಂದಳು. ಸಾರ್ವಜನಿಕ ಜೀವನದ ಅನುಭವವಿಲ್ಲದವರ ಮಾತನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಆನ್ನೆಕೆ ಆ ವಾರವಿಡೀ ಪರವೂರಿಗೆ ಹೋದದ್ದು ನನಗೆ ಇನ್ನಷ್ಟು ಅನುಕೂಲವಾಯಿತು. ಆಮಂತ್ರಣ ಪತ್ರಿಕೆಯಲ್ಲಿ ಅಧ್ಯಕ್ಷರ ಜಾಗ ಖಾಲಿ ಬಿಡಲಾಗುತ್ತದೆಯೇ? ಕ್ರೈಸ್ತ ಮನೆಯ ಸೊಸೆಯಾದ್ದರಿಂದ ನಮ್ಮೂರ ರೂಢಿಯಂತೆ 'ಬಾಯಮ್ಮ' ಎಂದು ಸೇರಿಸಿ ಗ್ರೀಟ್ ಅವರ ಹೆಸರು ಹಾಕಿದೆ. ಅವರಿಗೆ ತಿಳಿಸಲಿಲ್ಲ, ಇಂಥ ಗೌರವ ಹಠಾತ್ತನೆ ಬಂದರೇ ಚೆಂದ. ಉದ್ಘಾಟಕರೆಂದು ಒಬ್ಬರನ್ನು ಕರೆದೆ. ಅವರನ್ನು ಕರೆದ ಮೇಲೆ, ಅವರ ಹತ್ತಿರ ಮಾತು ಬಿಟ್ಟವರನ್ನೂ ಕರೆಯದಿದ್ದರೆ ನಾನು ಈ ಬೀದಿಯಲ್ಲಿ ಓಡಾಡುವ ಹಾಗಿಲ್ಲ. ಎದುರುಮನೆಯ ಕಾಮತರು ಗೇಟಿನಲ್ಲಿ ನಿಂತು, "ನನ್ನ ಹೆಸರು ಎಲ್ಲುಂಟು?" ಎಂದು ಕೇಳಿದರು. 'ಶುಭಾಶಂಸನೆ' ಎಂದು ಸೇರಿಸಿದೆ. ಅಚ್ಚಾಗಿ ಬಂದಾಗ ವೇದಿಕೆಯಲ್ಲಿ ಹದಿನಾಲ್ಕು ಜನ! ಚಾವಡಿಯಲ್ಲಿ ಹಿಡಿಸುವುದಿಲ್ಲವೆಂದು ಅಂಗಳಕ್ಕೆ ಶಾಮಿಯಾನ ಬಂತು.

ಭಾನುವಾರ ನಾಲ್ಕು ಗಂಟೆಗೆ ಡಚ್ಚರು ಗಡಿಯಾರ ಹಿಡಿದುಕೊಂಡವರಂತೆ ಬಂದರು. ಕಾಪುವಿನ ದಂಪತಿ ಶಾಮಿಯಾನ ಕಂಡು, ಇಲ್ಲಿ ಯಾರದ್ದೋ ಮದುವೆ ಎಂದು ತಿರುಗಿ ಹೊರಟಿದ್ದರು. ಗೇಟಿನವರೆಗೆ ಓಡಿ ಹಿಡಿದು ತಂದೆ. ಪರವೂರಿಂದ ಆಗಷ್ಟೇ ಬಂದಿಳಿದ ಆನ್ನೆಕೆ ಬ್ಯಾನರು ನೋಡುತ್ತಾ ನಿಂತೇ ಬಿಟ್ಟರು. ಸಂತೋಷದಿಂದ ಮಾತು ಹೊರಡುತ್ತಿಲ್ಲ ಎಂದುಕೊಂಡೆ.

ಗ್ರೀಟ್ ಬಾಯಮ್ಮ ಆನ್ನೆಕೆಯ ಪಕ್ಕ ಕೂತು, ನಗುತ್ತಾ ಏನೋ ಹೇಳಲು ಶುರು ಮಾಡಿದ್ದರಷ್ಟೇ. "ಸಭೆಯ ಅಧ್ಯಕ್ಷರು ವೇದಿಕೆಗೆ ಬರಬೇಕು!" ಎಂದು ಮೈಕಿನಲ್ಲಿ ಕೂಗಿ ಅವರ ಕಡೆ ಕೈ ತೋರಿಸಿದೆ. ಅವರು ಹಿಂದೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ.

ಅವರನ್ನು ಕೈಹಿಡಿದು ಹತ್ತಿಸಿ, ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಕೂರಿಸಿದೆವು. ಬುಟ್ಟಿಯ ಹಿಂದೆ ಅವರ ಕನ್ನಡಕ ಮಾತ್ರ ಕಾಣುತ್ತಿತ್ತು. ವೇದಿಕೆಯಲ್ಲಿ ಹದಿನಾಲ್ಕು ಜನ, ಕೆಳಗೆ ಎಂಟು! ಉದ್ಘಾಟಕರು ಡಚ್ಚರು ಕರಿಮೆಣಸಿಗೆ ಬಂದ ಕಥೆಯನ್ನು ನಲವತ್ತು ನಿಮಿಷ ಹೇಳಿದರು. ಅವರ ಹತ್ತಿರ ಮಾತು ಬಿಟ್ಟವರು ಅದನ್ನು ಖಂಡಿಸಿದರು. ಮತ್ತೊಬ್ಬರು ಜರ್ಮನಿಯನ್ನು ಮನಸಾರೆ ಹೊಗಳಿದರು. ಕಾಮತರ ಶುಭಾಶಂಸನೆ ನಮ್ಮ ಬೀದಿಯ ಚರಂಡಿಗೆ ಬಂದು ನಿಂತಿತು, ಅಲ್ಲಿಂದ ಮುಂದೆ ಹರಿಯಲಿಲ್ಲ. ಕಟ್ಟಕಡೆಗೆ ಅಧ್ಯಕ್ಷೀಯ ಭಾಷಣ. ಗ್ರೀಟ್ ಬಾಯಮ್ಮ ನಿಧಾನಕ್ಕೆ ಮೈಕಿನ ಹತ್ತಿರ ಬಂದು ಕೈಗಡಿಯಾರ ನೋಡಿದರು.

"ಆರು ಗಂಟೆ ಆಯ್ತು," ಎಂದರು. ಇಳಿದು ಹೋದರು!

ಉಳಿದವರೂ ಎದ್ದರು. ಪ್ರತಿಯೊಬ್ಬರೂ ತಾವು ಕೂತ ಕುರ್ಚಿಯನ್ನು ತಾವೇ ಮಡಚಿ ಗೋಡೆಗೆ ಒರಗಿಸಿಟ್ಟರು. ಬಾಡಿಗೆ ಕುರ್ಚಿ ಸ್ವಾಮೀ! ಹೆಗ್ಡೆಯವರ ಕಾರು ಗ್ರೀಟ್ ಬಾಯಮ್ಮನನ್ನು ಹತ್ತಿಸಿಕೊಂಡು ಹೊರಟೇ ಹೋಯಿತು. ಧನ್ಯವಾದ ಸಮರ್ಪಣೆಗೆ ಎದ್ದ ನಾನು ಮಡಚಿದ ಎಂಟು ಕುರ್ಚಿಗಳಿಗೆ ಕೈಮುಗಿದೆ. ಸುಮತಿ ಕರಿದಿಟ್ಟಿದ್ದ ಮಟ್ಟುಗುಳ್ಳ ಬದನೆಯ ಪೋಡಿಯನ್ನು ವೇದಿಕೆಯ ಗಣ್ಯರೇ ತಿಂದು, "ಭಾರೀ ಲಾಯ್ಕಾಯ್ತು ರಾಯರೇ" ಎಂದು ಹೇಳಿ ಹೋದರು.

ಅವರು ಹೋದ ಮೇಲೆ ಆನ್ನೆಕೆ ನನ್ನ ಎದುರು ಬಂದು ನಿಂತರು.

"ರಾಯರೇ, ಕಾರ್ಯಕ್ರಮ ಚೆನ್ನಾಗಿರಲಿಲ್ಲ."

ನನ್ನ ಕೈಯಲ್ಲಿದ್ದ ಮೈಕು ಕೆಳಗೆ ಬಿತ್ತು. ಕರೆಂಟು ಹೋದ, ಉದ್ಘಾಟಕರೇ ಬಾರದ ಸಭೆಗಳನ್ನೂ ನಾನು ನಡೆಸಿದ್ದೇನೆ. ಒಂದಕ್ಕಾದರೂ ಯಾರೂ ಹೀಗೆ ಮುಖಕ್ಕೆ ಹೇಳಿದವರಿಲ್ಲ! ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಹವಾಮಾನ ಹೇಳುವಂತೆ ಹೇಳಿದರು. ಆಮೇಲೆ, "ಗ್ರೀಟ್ ಇಂದು ನಮ್ಮ ಭಾಷೆಯಲ್ಲಿ ಒಂದು ವಾಕ್ಯವನ್ನೂ ಪೂರ್ತಿ ಮಾಡಲಿಲ್ಲ. ಇನ್ನು ಒಂದು ತಿಂಗಳು ಕಾಯಬೇಕು," ಎಂದರು.

ಆಗ ಆ ಹಳೆಯ ಮಾತು ಕಿವಿಯಿಂದ ತಲೆಗೆ ಬಂತು. ನನಗೆ ನಿಜವಾಗಿ ನಾಚಿಕೆಯಾಯಿತು. ಉಳಿದ ಪೋಡಿ ಕೂಡ ಸೇರಲಿಲ್ಲ.

ಮರುದಿನ ಸುಮತಿಯನ್ನು ಕರೆದುಕೊಂಡು ಶಿರ್ವಕ್ಕೆ ಹೋದೆ. ಗ್ರೀಟ್ ಬಾಯಮ್ಮ ಜಗಲಿಯಲ್ಲಿ ಕೂತು ತೆಂಗಿನಕಾಯಿ ಲೆಕ್ಕ ಮಾಡಿಸುತ್ತಿದ್ದರು.

"ಎಂತ ರಾಯರೇ, ಇಲ್ಲಿಯೂ ವೇದಿಕೆ ಹಾಕ್ಲಿಕ್ಕುಂಟಾ?"

ನಾನು ಕ್ಷಮೆ ಕೇಳಲು ಶುರು ಮಾಡಿದೆ. ಪೀಠಿಕೆ ಮುಗಿಯುವ ಮೊದಲೇ ಅವರು ಕೈಯೆತ್ತಿ ತಡೆದರು.

"ನೋಡಿ, ಮನೆಯಲ್ಲಿ ನಾನು ಕೊಂಕಣಿ ಮಾತಾಡ್ತೇನೆ. ಮೀನಿನವಳ ಹತ್ರ ತುಳು, ಬ್ಯಾಂಕಿನಲ್ಲಿ ಕನ್ನಡ. ಎಲ್ಲ ಆಗ್ತದೆ ನನಗೆ. ನನ್ನ ಭಾಷೆ ಕಲಿತದ್ದು ಈ ಮನೆಯಲ್ಲಿ ನನ್ನ ಗಂಡ ಒಬ್ಬರೇ. ಅವರು ಹೋದ್ರು. ಈಗ ಕನಸು ಸಹ ಕೊಂಕಣಿಯಲ್ಲಿ ಬೀಳ್ತದೆ. ಒಂದೊಂದು ಶಬ್ದ ಮರೆತು ಹೋಗ್ತಾ ಉಂಟು. ಆ ಎರಡು ಗಂಟೆ ತೆಗೊಂಡು ನೀವು ನನಗೆ ಶಾಲು ಕೊಟ್ರಿ, ಅಲ್ವಾ?"

ಹನ್ನೊಂದು ಸಂಘಗಳಲ್ಲಿ ಪಳಗಿದ ಭಾಷಣವನ್ನು ಅಲ್ಲಿಗೇ ಮಡಚಿಟ್ಟೆ. "ಇನ್ನು ಚಾವಡಿ ನಿಮ್ಮದೇ ಬಾಯಮ್ಮ. ನಾನು ಆ ಕಡೆ ಬರುವುದಿಲ್ಲ," ಎಂದೆ.

"ಬರಬೇಕು. ನಮ್ಮೊಟ್ಟಿಗೆ ಕೂತ್ಕೊಳ್ಬೇಕು. ಮಾತು ಮಾತ್ರ ಆಡ್ಲಿಕ್ಕಿಲ್ಲ."

"ಎರಡು ಗಂಟೆಯೂ?"

"ಎರಡು ಗಂಟೆಯೂ."

ಸುಮತಿ ಅವರ ಎರಡೂ ಕೈ ಹಿಡಿದುಕೊಂಡು, "ತಿಂಗಳಿಗೆ ಒಮ್ಮೆ ಎಂತಕ್ಕೆ ಬಾಯಮ್ಮ, ವಾರಕ್ಕೊಮ್ಮೆ ಸೇರಿ!" ಎಂದಳು.

ಮುಂದಿನ ಸಭೆಗೆ ಚಾವಡಿಯಲ್ಲಿ ಕುರ್ಚಿಗಳನ್ನು ದುಂಡಗೆ ಇಟ್ಟರು. ಕಾಫಿ ಬಂತು. ಬಿಸ್ಕತ್ತಿನ ಡಬ್ಬ ಬಂತು, ತಲಾ ಒಂದು ಕೊಟ್ಟು ಮುಚ್ಚಳ ಹಾಕಿದರು! ಎರಡನೆಯದನ್ನು ಕೇಳುವಂತೆಯೂ ಇಲ್ಲ, ನನಗೆ ಮಾತಿಲ್ಲವಲ್ಲ. ಆಮೇಲೆ ಗ್ರೀಟ್ ಬಾಯಮ್ಮ ಮಾತು ಶುರು ಮಾಡಿದರು. ಮೊದಮೊದಲು ತಡವರಿಸಿ, ನಡುವೆ ಆನ್ನೆಕೆಯ ಹತ್ತಿರ ಒಂದೊಂದು ಶಬ್ದ ಕೇಳಿ, ಆಮೇಲೆ ಸರಾಗವಾಗಿ. ಕೈ ಬೀಸಿದರು, ದನಿ ಬದಲಿಸಿದರು. ಕಾಪುವಿನವರು ಹೊಟ್ಟೆ ಹಿಡಿದುಕೊಂಡರು, ಹೆಗ್ಡೆಯವರು ಕಣ್ಣೊರೆಸಿಕೊಂಡರು. ಒಂದಕ್ಷರ ಅರ್ಥವಾಗದಿದ್ದರೂ ಅವರ ಖುಷಿ ನೋಡಿ ನಾನೂ ಮನಸಾರೆ ನಕ್ಕೆ. ಹೀಗೆ ಪೂರ್ತಿ ಒಂದು ಗಂಟೆ.

ಕೊನೆಗೆ ತಡೆಯಲಾರದೆ, ಶಿಕ್ಷೆ ಮುರಿದು, ಆನ್ನೆಕೆಯ ಕಿವಿಯಲ್ಲಿ ಪಿಸುಗುಟ್ಟಿದೆ: "ಯಾರ ಕಥೆ ಮೇಡಂ?"

"ನಿಮ್ಮದು."

"ಒಂದು ಗಂಟೆಯಿಂದ?"

"ಹೌದು ರಾಯರೇ," ಎಂದರು ಆನ್ನೆಕೆ, ಹಾಲೆಂಡಿನವರಿಗೆ ಸಹಜವಾದ ನೇರ ದನಿಯಲ್ಲಿ. "ಈಗಷ್ಟೇ ಶಾಲು ಹೊದಿಸುವಲ್ಲಿಗೆ ಬಂದಿದ್ದಾರೆ. ಭಾಷಣಗಳು ಇನ್ನೂ ಬಾಕಿ ಇವೆ."