ನಮ್ಮತ್ತೆಯ ಮಾಳಿಗೆ ವಾರ್ತೆ

ನಮ್ಮ ಸೋದರತ್ತೆಗೆ ಗ್ರಾಮ ಪಂಚಾಯಿತಿಯಲ್ಲಿ ಯಾವ ಹುದ್ದೆಯೂ ಇಲ್ಲ. ಚುನಾವಣೆಗೆ ನಿಂತವಳಲ್ಲ, ನಿಂತವರಲ್ಲಿ ಯಾರಿಗೆ ಓಟು ಹಾಕಿದೆನೆಂದು ಬಾಯಿಬಿಟ್ಟವಳೂ ಅಲ್ಲ. ಆದರೂ ನಮ್ಮೂರ ಅಧ್ಯಕ್ಷರು ಸೀನಿದರೆ, ಅದು ನೆಗಡಿಯ ಸೀನೋ ರಾಜೀನಾಮೆಯ ಸೀನೋ ಎಂದು ಸಂಜೆಯೊಳಗೆ ಊರಿಗೆ ತಿಳಿಸುವವಳು ಅವಳೇ! ನಂಬಿಕೆಯಾಗದಿದ್ದರೆ ಶಹಾಪುರದಿಂದ ಟಂಟಂ ಆಟೋ ಹತ್ತಿ ನಮ್ಮೂರಿಗೆ ಬನ್ನಿ. ಮನೆ ಹುಡುಕುವ ತೊಂದರೆಯೇ ಇಲ್ಲ. ಹೊತ್ತು ಮುಳುಗುವ ಸಮಯಕ್ಕೆ ಕೆನಾಲಿನ ಹತ್ತಿರ ಇಳಿದು ಸುಮ್ಮನೆ ನಿಂತರೆ ಸಾಕು, ದನಿಯೇ ನಿಮ್ಮನ್ನು ಮನೆಗೆ ಕರೆತರುತ್ತದೆ.

ದನ ಕೊಟ್ಟಿಗೆಗೆ ಬಂದಿರಬೇಕು, ಟೀವಿಯ ಧಾರಾವಾಹಿ ಇನ್ನೂ ಶುರುವಾಗಿರಬಾರದು. ಆ ನಡುವಿನ ಹೊತ್ತಿನಲ್ಲಿ ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಿಚ್ಚಣಿಕೆ ಹಿಡಿದು, ಮಣ್ಣಿನ ಮಾಳಿಗೆ ಹತ್ತುತ್ತಾಳೆ. ಮೊದಲು ಊರ ಕಡೆ ಮುಖ.

“ಕೇಳ್ರೆವ್ವಾ, ಕೇಳ್ರೆಪ್ಪಾ! ನಾಳಿ ನಳಕ್ಕ ನೀರ್ ಬರಂಗಿಲ್ಲ! ಯಾಕಂದ್ರ ಮೋಟರ್ ಸುಟ್ಟದ. ಯಾಕ ಸುಟ್ಟದ ಅಂದ್ರ, ನೀರ್ ಬಿಡಾಂವ ಮೋಟರ್ ಚಾಲೂ ಮಾಡಿ ಉಣ್ಣಾಕ ಹೋಗಿದ್ದ. ಹೋಳಿಗಿ ಮಾಡಿದ್ರಂತ. ತುಪ್ಪ ಭಾಳ ಕಡಿಮಿ ಇತ್ತಂತ!”

ಹೇಳಿ, ಯಾವ ಪತ್ರಿಕೆಯವರು ಇಷ್ಟು ಬೇರುಸಮೇತ ಸುದ್ದಿ ಕೊಡುತ್ತಾರೆ? ನೀರು ಬರುವುದಿಲ್ಲ ಎಂದು ಯಾರು ಬೇಕಾದರೂ ಹೇಳಬಹುದು. ತುಪ್ಪ ಕಡಿಮೆಯಿತ್ತು ಎಂದು ಹೇಳಲು ನಮ್ಮತ್ತೆಯೇ ಆಗಬೇಕು. ಊರ ಕಡೆಯ ಸುದ್ದಿ ಮುಗಿದ ಮೇಲೆ ಅವಳು ಗರಕ್ಕನೆ ತಿರುಗಿ ಕೆನಾಲಿನ ಕಡೆ ಮುಖ ಮಾಡುತ್ತಾಳೆ. ಅದೇ ಸುದ್ದಿಯನ್ನು ಇನ್ನೂ ಜೋರಾಗಿ, ಆಚೆ ದಂಡೆಯವರಿಗಾಗಿ ಮತ್ತೊಮ್ಮೆ ಒದರುತ್ತಾಳೆ. ನಾನು ಅತ್ತೆಯ ಮನೆಯಲ್ಲೇ ಇದ್ದು ದಿನಾ ಸುರಪುರಕ್ಕೆ ಹೋಗಿ ಬರುವ ಟೀಚರು. “ಟೀಚರ್‌ರೀ, ನಿನ್ನಿ ಸಂಜಿಕ ನಿಮ್ಮತ್ತಿ ದನಿ ನಮ್ಮ ಹೊಲದ ತನ ಕೇಳ್ತ್ರಿ” ಎಂದು ಮಕ್ಕಳು ತರಗತಿಯಲ್ಲೇ ನನ್ನ ಮಾನ ಕಳೆಯುತ್ತಾರೆ.

ಇವಳಿಗೆ ಸುದ್ದಿ ಎಲ್ಲಿಂದ ಸಿಗುತ್ತದೆ ಎಂದಿರಾ? ಅದರಲ್ಲಿ ಗುಟ್ಟೇನೂ ಇಲ್ಲ. ಪಂಚಾಯಿತಿಯಲ್ಲಿ ಸಭೆ ಇದ್ದ ದಿನ ಅತ್ತೆ ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಆಫೀಸಿನ ಕಟ್ಟೆಗೆ, ಸರಿಯಾಗಿ ಕಿಟಕಿಯ ಕೆಳಗೆ, ಹೋಗಿ ಕೂರುತ್ತಾಳೆ. ಒಳಗೆ ಚರ್ಚೆ ನಡೆಯುತ್ತದೆ, ಹೊರಗೆ ಕಲ್ಲು ಆರಿಸುವ ಕೆಲಸ ನಡೆಯುತ್ತದೆ. ಸಭೆ ಉದ್ದವಾದಷ್ಟೂ ನಮ್ಮ ಮನೆಯ ಬೇಳೆ ಸ್ವಚ್ಛ. ಬಜೆಟ್ ಸಭೆಯ ವಾರದಲ್ಲಿ ನಮ್ಮ ಮನೆಯ ಸಾರಿನಲ್ಲಿ ಒಂದು ಹರಳೂ ಹಲ್ಲಿಗೆ ಸಿಕ್ಕಿದ್ದಿಲ್ಲ! ಕೋರಂ ಇಲ್ಲದೆ ಸಭೆ ಮುಂದೆ ಹೋದರೆ ಮಾತ್ರ ಮಾವನವರು ಊಟದ ನಡುವೆ ಕಟ್ ಎಂದು ಕಲ್ಲು ಕಚ್ಚಿ, “ಇವತ್ತ ಮೆಂಬರ್ ಮಂದಿ ಬಂದಿಲ್ಲ ಕಾಣ್ತದ” ಎನ್ನುತ್ತಿದ್ದರು.

ಆಚೆ ದಂಡೆಯ ವಿಷಯ ಸ್ವಲ್ಪ ಹೇಳಬೇಕು. ಕೆನಾಲು ಬಂದಾಗ ಊರಿಗೆಲ್ಲ ಸಂಭ್ರಮವೋ ಸಂಭ್ರಮ. ಜೋಳ, ತೊಗರಿ ಬಿಟ್ಟು ಬೇರೆ ಕಾಣದ ಕರಿ ನೆಲದಲ್ಲಿ ಭತ್ತ ಎದ್ದು ನಿಂತಿತು. ಆದರೆ ಕೆನಾಲು ಅಗೆದ ಪುಣ್ಯಾತ್ಮರು ಗೆರೆ ಎಳೆದದ್ದು ನಮ್ಮೂರಿನ ನಡುವೆಯೇ. ಪಂಚಾಯಿತಿ, ದವಾಖಾನೆ, ಶಾಲೆ, ರೇಷನ್ ಅಂಗಡಿ ಎಲ್ಲ ಈಚೆಗೆ ಉಳಿದವು. ಒಂದು ಓಣಿಯಷ್ಟು ಮನೆ ಆಚೆಗೆ ಹೋದವು. ಲಾರಿ ಓಡಾಡುವ ದೊಡ್ಡ ಸೇತುವೆ ಎಲ್ಲೋ ದೂರದಲ್ಲಿದೆ, ಸುತ್ತಿ ಬರುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಅವಸರದವರು ಅಡ್ಡ ಹಾಕಿದ ಈಚಲ ತೊಲೆಯ ಮೇಲೆ ದೇವರನ್ನು ನೆನೆಯುತ್ತ ದಾಟುತ್ತಾರೆ.

ಆ ಆಚೆ ಓಣಿಯಲ್ಲೇ ಮೆಹಬೂಬಿಯ ಮನೆ. ಮೆಹಬೂಬಿ ನಮ್ಮತ್ತೆಯ ಗೆಳತಿ. ಇಬ್ಬರ ತವರೂ ಬಳಿಚಕ್ರ. ಒಂದೇ ಬೇಸಿಗೆಯಲ್ಲಿ ಇಬ್ಬರೂ ಮದುವೆಯಾಗಿ ಈ ಊರಿಗೆ ಬಂದವರು. ಕೆನಾಲು ಬರುವ ಮೊದಲು ಇಬ್ಬರೂ ಒಂದೇ ಬಾವಿಗೆ ನೀರಿಗೆ ಹೋಗುತ್ತಿದ್ದರಂತೆ, ಮತ್ತು ಕೊಡ ತುಂಬಿ ಎಷ್ಟು ಹೊತ್ತಾದರೂ ಇಬ್ಬರೂ ಮನೆಗೆ ಬರುತ್ತಿರಲಿಲ್ಲವಂತೆ. ಈಗ ಮೆಹಬೂಬಿಗೆ ಮೊಣಕಾಲು ಸೋತಿವೆ. ದಿನಾ ಸಂಜೆ ಅವಳೂ ತನ್ನ ಮನೆಯ ಮಾಳಿಗೆಗೆ ಹೇಗೋ ಹತ್ತಿ, ಗೋಣಿಚೀಲ ಹಾಸಿಕೊಂಡು ಕೂತು, ಅತ್ತೆಯ ವಾರ್ತೆ ಮುಗಿಯುವ ತನಕ ತಲೆಯಾಡಿಸುತ್ತಾಳೆ. ನಮ್ಮ ಶಾಲೆಯಲ್ಲಿ ಅಂಥ ಒಬ್ಬ ವಿದ್ಯಾರ್ಥಿನಿ ಸಿಕ್ಕರೆ ನನ್ನ ಜನ್ಮ ಸಾರ್ಥಕವಾದೀತು.

ಅತ್ತೆಯ ವಾರ್ತೆಯ ಕೊನೆಯ ಸುದ್ದಿ ಮಾತ್ರ ಯಾವತ್ತೂ ಬದಲಾಗುತ್ತಿರಲಿಲ್ಲ. ಕೆನಾಲಿಗೆ ಅಡ್ಡವಾಗಿ, ಮನುಷ್ಯರು ನಡೆದು ದಾಟುವಂಥ ಒಂದು ಸಣ್ಣ ಸೇತುವೆ, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಪುಲ್ಲು, ಬೇಕೆಂದು ಅವಳ ಹಟ. ಅಧ್ಯಕ್ಷರು ಬಂದರು, ಹೋದರು, ಮತ್ತೊಬ್ಬರು ಬಂದರು. ಎಲ್ಲರದೂ ಒಂದೇ ಮಾತು, ಮೇಲಿನಿಂದ ಮಂಜೂರಾಗಬೇಕು. ಹೀಗಾಗಿ ಅವಳು ದಿನಾ ಎರಡೂ ದಂಡೆಗೆ ಕೇಳುವಂತೆ, “ಕಡೀ ಸುದ್ದಿ! ಪುಲ್ ಇವತ್ತೂ ಆಗಿಲ್ಲ!” ಎಂದು ಒದರಿ ಕೆಳಗಿಳಿಯುತ್ತಿದ್ದಳು.

ಈಗಿನ ಅಧ್ಯಕ್ಷರಿಗೆ ಇದು ತಲೆನೋವಾಯಿತು. ತುಪ್ಪ ಕಡಿಮೆಯಿದ್ದ ಹೋಳಿಗೆಯ ಮನೆ ಅವರ ತಮ್ಮನದೇ ಆಗಿತ್ತು ಎಂಬುದೂ ಒಂದು ಕಾರಣವಿರಬಹುದು! ಒಂದು ಸಭೆಯಲ್ಲಿ ಅವರು ಠರಾವು ಪಾಸು ಮಾಡಿಸಿದರು: ಪಂಚಾಯಿತಿಯ ಸುದ್ದಿಯನ್ನು ಪಂಚಾಯಿತಿಯೇ ಹೇಳತಕ್ಕದ್ದು, ಬೇರೆ ಯಾರೂ ಎತ್ತರದ ಸ್ಥಳದಲ್ಲಿ ನಿಂತು ಕೂಗತಕ್ಕದ್ದಲ್ಲ. ಕಿಟಕಿಯ ಕೆಳಗೆ ಮೊರದ ಸದ್ದು ನಿಂತದ್ದನ್ನು ಒಳಗಿದ್ದ ಒಬ್ಬರೂ ಗಮನಿಸಲಿಲ್ಲ.

ಆ ಸಂಜೆಯ ವಾರ್ತೆ ಹೀಗಿತ್ತು: “ಕೇಳ್ರೆಪ್ಪಾ! ಇವತ್ತಿಂದ ನಾ ಮಾಳಿಗಿ ಹತ್ತಿ ಒದರಬಾರದಂತ ಪಂಚಾಯ್ತಿದಾಗ ಠರಾವ್ ಆಗ್ಯದ! ಅಧ್ಯಕ್ಷ ಹೇಳ್ಯಾನ, ಉಪಾಧ್ಯಕ್ಷ ಹೂಂ ಅಂದಾನ, ಉಳದವ್ರು ಚಾ ಕುಡದಾರ. ಇವತ್ತ ಹೊಲದಿಂದ ತಡಾ ಮಾಡಿ ಬಂದವ್ರಿಗಿ ಕೇಳ್ಸಿರಂಗಿಲ್ಲ, ಅವ್ರಿಗಿ ನಾಳಿ ಮತ್ತ ಒದರಿ ಹೇಳ್ತೀನಿ!”

ಮರುದಿನ ಪಂಚಾಯಿತಿಯ ಪಿಡಿಓ ಸಾಹೇಬರೇ ಮನೆಗೆ ಬಂದರು. ಪಾಪ, ಸಾಧು ಮನುಷ್ಯ.

“ಅವ್ವಾರ, ಸರ್ಕಾರದ ಸುದ್ದಿ ಹಂಗ ಒದರಬಾರ್ದ್ರಿ.”

“ಸರ್ಕಾರ ಯಾರದಪಾ?”

“ಎಲ್ಲಾರ್ದೂ ಅದ ರೀ. ನಿಮ್ದೂ ಅದ.”

“ಹಂಗಾರ ನಮ್ಮನಿ ಮಾತ ನಮ್ಮ ಮಾಳಿಗಿ ಮ್ಯಾಲ ಹೇಳಾಕತ್ತೀನಿ. ನಿಂಗ್ಯಾಕ ಹೊಟ್ಟಿಬ್ಯಾನಿ? ಕೂಡು, ಚಾ ಕುಡಿ.”

ಚಹಾ ಕುಡಿಯುತ್ತ ಕುಡಿಯುತ್ತ ಆ ಸಾಧು ಮನುಷ್ಯ ತನಗೆ ಕಡೇಚೂರಿನ ಕಡೆಗೆ ವರ್ಗವಾಗುವ ಸಂಭವವಿದೆ ಎಂದು ಬಾಯಿಬಿಟ್ಟರು. ಇನ್ನೂ ಹೆಂಡತಿಗೂ ಹೇಳಿಲ್ಲ ಎಂದರು. ಸಂಜೆ ಹೆಂಡತಿಗೂ ಗೊತ್ತಾಯಿತು!

ಅಧ್ಯಕ್ಷರು ಸೋಲುವ ಆಸಾಮಿಯಲ್ಲ. ಯಾದಗಿರಿಯಿಂದ ಹೊಸ ಮೈಕು ತರಿಸಿ, ಪಂಚಾಯಿತಿಯ ಛಾವಣಿಗೆ ಕಟ್ಟಿಸಿ, ಸಂಜೆ ಸರಿಯಾಗಿ ಅತ್ತೆಯ ವೇಳೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ನಿಂತರು. “ಸಮಸ್ತ ಗ್ರಾಮಸ್ಥರಲ್ಲಿ...” ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ನಮ್ಮೂರಲ್ಲಿ ಆ ಹೊತ್ತಿಗೆ ಕರೆಂಟು ಹೋಗುತ್ತದೆ ಎಂದು ಹಾಲು ಕುಡಿಯುವ ಕೂಸಿಗೂ ಗೊತ್ತು. ಅತ್ತೆ ಸ್ವಲ್ಪವೂ ನಗದೆ ಮಾಳಿಗೆಯ ಮೇಲಿಂದ, “ಪಂಚಾಯ್ತಿ ಮೈಕಿನ ಸುದ್ದಿ ಕೇಳ್ರಿ! ಸಮಸ್ತ ಗ್ರಾಮಸ್ಥರಲ್ಲಿ. ಮುಂದಿಂದು ಕರೆಂಟ್ ಬಂದ ಮ್ಯಾಲ!” ಎಂದು ಪ್ರಕಟಿಸಿದಳು.

ನನಗೂ ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು. “ಅತ್ತಿ, ಗಂಟಲಾ ಹರ್ಕೋತೀ. ಇದೆಲ್ಲಾ ನಿಂಗ್ಯಾಕ ಬೇಕು?” ಎಂದರೆ, “ನೀ ಸಾಲ್ಯಾಗ ದಿನಾ ಒದರ್ತೀ, ಯಾರರ ಕೇಳ್ತಾರೇನ? ನಂದು ಕೇಳ್ತಾರ” ಎಂದು ಒಂದೇ ಏಟಿಗೆ ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಹೀಗಿರುವಾಗ ನಿಜವಾದ ಸಂಕಟ ಬಂತು. ಪುಲ್ಲು ಕೊನೆಗೂ ಮೇಲಿನವರ ಕಣ್ಣಿಗೆ ಬಿದ್ದು, ಇನ್ನೇನು ಆಗುತ್ತದೆ ಎನ್ನುವಾಗ ಅಧ್ಯಕ್ಷರ ತಲೆಗೆ ಬೇರೆ ಹುಳ ಹೊಕ್ಕಿತು. ಪುಲ್ಲು ಬಿಟ್ಟು ಅದೇ ದುಡ್ಡಿನಲ್ಲಿ ಊರ ಬಾಗಿಲಿಗೆ ಒಂದು ಸ್ವಾಗತ ಕಮಾನು ಕಟ್ಟಿಸಬೇಕು, ಮೇಲೆ ತಮ್ಮ ಹೆಸರು ಹಾಕಿಸಬೇಕು! ಅದಕ್ಕೆ ಗ್ರಾಮಸಭೆಯ ಒಪ್ಪಿಗೆ ಬೇಕು. ಅವರು ಉಪಾಯವಾಗಿ ಕೆನಾಲಿಗೆ ನೀರು ಬಿಟ್ಟ ವಾರವನ್ನೇ ಆರಿಸಿಕೊಂಡರು. ತೊಲೆಯ ಮೇಲೆ ನೀರು ಉಕ್ಕುವಾಗ ಆಚೆಯವರು ಬರಲಾರರು, ಬರದಿದ್ದರೆ ಬೇಡವೆನ್ನುವವರು ಯಾರು? ಕಿಟಕಿಯ ಕೆಳಗೆ ಕೂತಿದ್ದ ಅತ್ತೆ ಅವತ್ತು ಬೇಳೆಯನ್ನು ಅರ್ಧಕ್ಕೇ ಬಿಟ್ಟು ಮನೆಗೆ ಬಂದಳು. ಸಂಜೆಯಾಗುವ ತನಕವೂ ಕಾಯಲಿಲ್ಲ, ಉರಿಬಿಸಿಲಲ್ಲೇ ಮಾಳಿಗೆ ಹತ್ತಿದಳು.

“ನಾಳಿ ಗ್ರಾಮಸಭಾ ಅದ! ನಮ್ಮ ಪುಲ್ ತಿಂದು ಕಮಾನ ಕಟ್ತಾರಂತ! ಆಚಿ ದಂಡಿಯವ್ರೆಲ್ಲಾ ದಂಡಿಗಿ ಬಂದು ನಿಂದರ್ರಿ! ಮುಂದಿಂದು ನಾ ನೋಡ್ಕೋತೀನಿ!”

ಮರುದಿನ ಪಂಚಾಯಿತಿ ಅಂಗಳದಲ್ಲಿ ಶಾಮಿಯಾನ, ಕುರ್ಚಿ, ತಾಲೂಕಿನಿಂದ ಬಂದ ಅಧಿಕಾರಿ. ರಜೆಯಾದ್ದರಿಂದ ನಾನೂ ಹಿಂದೆ ನಿಂತಿದ್ದೆ. ಅಧ್ಯಕ್ಷರು ಕಮಾನಿನ ಮಹತ್ವವನ್ನು ಬಣ್ಣಿಸಿ, “ಆಚಿ ದಂಡಿಯವ್ರು ಒಬ್ರೂ ಬಂದಿಲ್ರಿ ಸಾಹೇಬ್ರ. ಅಂದ್ರ ಅವ್ರದೂ ಒಪ್ಪಿಗಿ ಅದ ಅಂತ ಹಿಡೀಬೇಕು” ಎಂದರು.

“ಯಾರ ಹೇಳಿದ್ರು ಬಂದಿಲ್ಲಂತ?” ಅತ್ತೆ ಎದ್ದು ನಿಂತಳು. “ಬಂದಾರ್ರಿ ಸಾಹೇಬ್ರ. ಏಳ್ರಿ, ತೋರಸ್ತೀನಿ.”

“ಸಭಾ ಇಲ್ಲಿ ನಡದದ ಅಮ್ಮಾ” ಎಂದರು ಅಧಿಕಾರಿ.

“ಇಲ್ಲೇ ನಡೀಬೇಕಂತ ಎಲ್ಲಿ ಬರದದ? ಈ ನೀರಾಗ ಅವ್ರಿಗಿ ಬರಾಕ ಆಗಂಗಿಲ್ಲ, ನಿಮಗ ಏಳಾಕ ಆಗ್ತದಲ್ಲ!”

ಎಂದವಳೇ ಅಧಿಕಾರಿಯ ಪಕ್ಕದ ಖಾಲಿ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಕೆನಾಲಿನ ಕಡೆ ನಡೆದೇಬಿಟ್ಟಳು. ಹಿಂದೆ ಊರವರು ಎದ್ದರು. ಊರವರು ಎದ್ದ ಮೇಲೆ ಅಧಿಕಾರಿ ಒಬ್ಬರೇ ಶಾಮಿಯಾನದ ಕೆಳಗೆ ಕೂತು ಮಾಡುವುದೇನು? ಅವರೂ ಎದ್ದರು. ಅಧ್ಯಕ್ಷರು ಗೊಣಗುತ್ತ ಕೊನೆಗೆ ಬಂದರು.

ಆಚೆ ದಂಡೆಯಲ್ಲಿ ಇಡೀ ಓಣಿ ನಿಂತಿತ್ತು. ಕೂಸು ಎತ್ತಿಕೊಂಡವರು, ಕೋಲೂರಿದವರು, ಎಲ್ಲರೂ. ನಡುವೆ ಹೊರಸಿನ ಮೇಲೆ ಮೆಹಬೂಬಿ. ಅತ್ತೆ ಕುರ್ಚಿ ಇಟ್ಟು ಅಧಿಕಾರಿಯನ್ನು ಕೂರಿಸಿ, ನೀರಿನ ಭೋರ್ಗರೆತವನ್ನೂ ಮೀರಿಸಿ ಕೂಗಿದಳು: “ಕಮಾನ ಬೇಕನ್ನವ್ರು ಕೈ ಎತ್ರಿ!” ಒಂದು ಕೈಯೂ ಏಳಲಿಲ್ಲ. “ಪುಲ್ ಬೇಕನ್ನವ್ರು ಕೈ ಎತ್ರಿ!” ಆಚೆ ದಂಡೆಯ ಕೈಗಳೆಲ್ಲ ಎದ್ದವು. ನೋಡಿದರೆ ಈಚೆ ದಂಡೆಯವೂ ಎದ್ದಿದ್ದವು. ನಾನೂ ಎತ್ತಿದ್ದೆ, ಪಿಡಿಓ ಸಾಹೇಬರ ಕೈಯೂ ಅರ್ಧ ಎದ್ದಿತ್ತು!

ಎತ್ತದವಳು ಒಬ್ಬಳೇ, ಮೆಹಬೂಬಿ. ಅತ್ತೆಯನ್ನೇ ನೋಡುತ್ತ ತಲೆಯಾಡಿಸುತ್ತ ಕೂತಿದ್ದಳು. ಅಧ್ಯಕ್ಷರಿಗೆ ಅಷ್ಟೇ ಸಾಕಾಯಿತು. “ನೋಡ್ರಿ ಸಾಹೇಬ್ರ, ಈಕಿ ಖಾಸಾ ಗೆಳತಿಗೇ ಪುಲ್ ಬ್ಯಾಡಾಗ್ಯದ” ಎಂದು ನಕ್ಕರು.

ಅತ್ತೆ ತನ್ನ ಎರಡೂ ಕೈಗಳನ್ನು ಮೇಲೆತ್ತಿ ತೋರಿಸಿದಳು. ಅದನ್ನು ಕಂಡ ಕೂಡಲೇ ಮೆಹಬೂಬಿಯೂ ಎರಡೂ ಕೈ ಎತ್ತಿದಳು.

“ಆಕಿಗಿ ಕಿವಿ ಕೇಳ್ಸಂಗಿಲ್ರಿ” ಎಂದಳು ಅತ್ತೆ. “ಭಾಳ ವರ್ಷ ಆತು.”

ಅಧಿಕಾರಿಗೆ ಆಶ್ಚರ್ಯವಾಯಿತು, ನನಗೆ ಅದಕ್ಕಿಂತ ಹೆಚ್ಚು. “ಮತ್ತ ದಿನಾ ಆಕಿ ಕಡಿಗಿ ಮುಖಾ ಮಾಡಿ ಒದರ್ತೀಯಂತಲ್ಲ ಅಮ್ಮಾ?” ಎಂದು ಅಧಿಕಾರಿ ಕೇಳಿದರು.

“ಸುದ್ದಿ ಓಣಿ ಮಂದಿಗ್ರಿ. ಆಕಿಗಿ ನಾ ಕಂಡ್ರ ಸಾಕು. ಹೋದ ಮಳಿಗಾಲ್ದಾಗ ಜ್ವರಾ ಬಂದು ನಾ ಮಾಳಿಗಿ ಹತ್ತಲಿಲ್ಲ. ನಾ ಸತ್ತೆನೇನೋ ಅಂತ ತಿಳದು ಆಕಿ ಆ ಸೋತ ಕಾಲಾಗ ತೊಲಿ ಮ್ಯಾಲ ದಾಟಾಕ ಬಂದಳ್ರಿ. ಜಾರಿ ಬಿದ್ದಳು. ಭತ್ತಕ್ಕ ನೀರ್ ಕಟ್ಟಾಂವ ಕೂದಲಾ ಹಿಡದು ಎಳದ, ಉಳದಳು. ನಂಗ ಜ್ವರಾ ಬರಲಿ, ಸಿಡ್ಲಾ ಬಡೀಲಿ, ಠರಾವ್ ಆಗ್ಲಿ, ನಾ ಮಾಳಿಗಿ ಹತ್ತಾಕೀನೇ. ಆಕಿ ಮತ್ತ ನೀರಿಗಿ ಇಳೀಬಾರ್ದ್ರಿ ಸಾಹೇಬ್ರ.”

ಅಧ್ಯಕ್ಷರ ನಗು ಎಲ್ಲಿ ಹೋಯಿತೋ. ಇಷ್ಟು ವರ್ಷ ಇವಳದು ಬಾಯಿಚಪಲ ಎಂದುಕೊಂಡಿದ್ದೆ ನಾನು. ಅಧಿಕಾರಿ ಅಲ್ಲಿಯೇ, ಆ ಕುರ್ಚಿಯಲ್ಲಿಯೇ ಕೂತು, ಪುಲ್ಲು ಎಂದು ಬರೆದು ಸಹಿ ಮಾಡಿದರು.

ಪುಲ್ಲು ಯಾವಾಗ ಮುಗಿಯಿತು ಎಂದು ಮಾತ್ರ ಕೇಳಬೇಡಿ, ಸರ್ಕಾರಿ ಕೆಲಸ. ಮುಗಿಯಿತು ಎನ್ನುವುದೇ ದೊಡ್ಡ ಮಾತು. ಉದ್ಘಾಟನೆಗೆ ಅಧ್ಯಕ್ಷರು ಈಚೆ ತುದಿಗೆ ಕೆಂಪು ಟೇಪು ಕಟ್ಟಿಸಿ, ಕತ್ತರಿ ಹಿಡಿದು, ಇನ್ನೂ ಬರದ ದೊಡ್ಡವರಿಗಾಗಿ ಕಾಯುತ್ತಿದ್ದರು. ಅಷ್ಟರಲ್ಲಿ ಆಚೆಯಿಂದ ಮೆಹಬೂಬಿ ಕಟಕಟೆ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತ ಬಂದೇಬಿಟ್ಟಳು. “ನಿಂದ್ರು ಯವ್ವಾ, ನಿಂದ್ರು!” ಎಂದು ಎಲ್ಲರೂ ಕೂಗಿದರು. ಅವಳಿಗೆಲ್ಲಿ ಕೇಳಬೇಕು! ಟೇಪು ಎದೆಗೆ ತಾಗಿ ಹರಿದು ಬಿತ್ತು. ಅವಳು ನೇರವಾಗಿ ಅತ್ತೆಯ ಬಳಿ ಬಂದು, ಎರಡೂ ಕೈಯಲ್ಲಿ ಮುಖ ಹಿಡಿದು, “ಕಿತ್ತೀ ಬುಡ್ಡೀ ಹೋಗಯೀ ಗೇ ತೂ!” ಎಂದಳು. ಎಷ್ಟು ಮುದುಕಿಯಾಗಿಬಿಟ್ಟೆಯೇ ನೀನು! ಅಷ್ಟು ದೂರದ ಮಾಳಿಗೆಯಿಂದ ಸುಕ್ಕು ಕಾಣುತ್ತಿರಲಿಲ್ಲವಲ್ಲ. ಅತ್ತೆ ಏನೋ ಉತ್ತರ ಕೊಟ್ಟಳು. ಪಕ್ಕದಲ್ಲಿದ್ದ ನನಗೂ ಕೇಳಿಸದಷ್ಟು ಮೆಲ್ಲಗೆ.

ಸಂಜೆ ಅತ್ತೆ ಮಾಳಿಗೆ ಹತ್ತಲಿಲ್ಲ. ಅಂಗಳದಲ್ಲಿ ಮೆಹಬೂಬಿಯನ್ನು ಹೊರಸಿನ ಮೇಲೆ ಕೂರಿಸಿ, ಮೊಣಕಾಲಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದಳು. ಹೊತ್ತು ಮುಳುಗಿತು. ಬಾಗಿಲ ಹೊರಗೆ ಒಬ್ಬೊಬ್ಬರೇ ಬಂದು ಸೇರಿದರು. ಕೊನೆಗೆ ಯಾರೋ ಧೈರ್ಯ ಮಾಡಿ, “ಯವ್ವಾ, ಇವತ್ತ ಪಂಚಾಯ್ತಿ ಸುದ್ದಿ ಏನದ?” ಎಂದು ಕೇಳಿದರು.

ಅತ್ತೆ ತಲೆಯೆತ್ತಿಯೂ ನೋಡಲಿಲ್ಲ. “ನಿಮ್ಮ ಪಂಚಾಯ್ತಿ ಹಾಳಾಗಿ ಹೋಗ್ಲಿ, ನಡೀರಿ ಅತ್ಲಾಗ!” ಎಂದಳು. “ನಮ್ಮ ಮೆಹಬೂಬಿ ಮನಿಗಿ ಬಂದಾಳ.”